ನಾಯಿಗೆ ಬುದ್ಧಿ ಹೇಳೋದೂ ಒಂದು ಕೆಲಸವಾ?

ಅರಸೀಕೆರೆಯ ತಾಯಿಯವರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕುವುದಿಲ್ಲ. ನಿಮ್ಮ ನಾಲ್ಕು ಪುಟದ ಪತ್ರದ ಸಾರವನ್ನಷ್ಟೇ ಉಳಿದ ಓದುಗರಿಗೆ ಹೇಳಿಬಿಡುತ್ತೇನೆ. ನಿಮ್ಮ ಮಗಳು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದಾಳೆ. ಬಿಎಡ್ ಮಾಡಿ ಟೀಚರ್ ಆಗಲಿ ಎಂಬುದು ನಿಮ್ಮ ಯಜಮಾನರ ಆಸೆ. ಅವಳು ಮಾತ್ರ ‘ಪೆಟ್ ಬಿಹೇವಿಯರ್ ಕೌನ್ಸೆಲರ್’ ಆಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕಚ್ಚುವ ನಾಯಿ, ಒಂಟಿಯಾಗಿ ಬಿಟ್ಟರೆ ಊಳಿಡುವ ನಾಯಿ, ಕಂಡಲ್ಲೆಲ್ಲ ಉಚ್ಚೆ ಹೊಯ್ಯುವ ಬೆಕ್ಕು ಯಾಕೆ ಹಾಗೆ ಮಾಡುತ್ತವೆ ಎಂದು ಹುಡುಕಿ, ಮನೆಯವರಿಗೆ ದಾರಿ ಹೇಳುವ ಕೆಲಸ ಅದು. ನಿಮ್ಮ ಅತ್ತೆಯವರು, "ನಾಯಿಗೆ ಬುದ್ಧಿ ಹೇಳೋದೂ ಒಂದು ಕೆಲಸವಾ? ನಮ್ಮ ಕಾಲದಲ್ಲಿ ಒಂದು ಕೋಲು ಸಾಕಿತ್ತು" ಎಂದರಂತೆ. ನಿಮ್ಮ ಪ್ರಶ್ನೆ ಎರಡು. ಈ ಕೆಲಸಕ್ಕೆ ಬರುವವರು ಯಾರು, ಏನು ಓದಿರುತ್ತಾರೆ? ಇದನ್ನು ನಂಬಿಕೊಂಡು ಬದುಕಬಹುದಾ? ಪತ್ರದ ಕೊನೆಗೆ ನಿಮ್ಮ ಬೆಕ್ಕಿನ ವಿಚಾರವನ್ನೂ ಎರಡು ಸಾಲು ಬರೆದಿದ್ದಿರಿ. ಅದು ಕಾಯುವಂಥದ್ದಲ್ಲ ಅನ್ನಿಸಿ ಪತ್ರ ಕೈಸೇರಿದ ದಿನವೇ ಫೋನ್ ಮಾಡಿದ್ದೆ. ಅದು ಕೊನೆಗಿರಲಿ.

ಮೊದಲು ನಮ್ಮನೆಯ ಕಥೆ ಕೇಳಿ. ನಮ್ಮಲ್ಲಿ ಕರಿಯ ಅಂತ ಒಂದು ನಾಯಿ ಇದೆ, ಬೀದಿಯಿಂದ ಬಂದವನು. ಹಳೇ ಮನೆಯಲ್ಲಿ ಬಂದವರ ಮೈಮೇಲೆಲ್ಲ ಬಿದ್ದು ಮುದ್ದು ಮಾಡಿಸಿಕೊಳ್ಳುತ್ತಿದ್ದ. ಹೊಸ ಮನೆಗೆ ಬಂದು ಮೂರು ತಿಂಗಳಾಗಿತ್ತಷ್ಟೇ, ಬೆಲ್ ಆದರೆ ಸಾಕು ಹಲ್ಲು ತೋರಿಸತೊಡಗಿದ. ಒಂದು ದಿನ ಗ್ಯಾಸ್ ಸಿಲಿಂಡರ್ ತಂದವರ ಪ್ಯಾಂಟು ಹರಿದ. ಚರ್ಮಕ್ಕೆ ತಾಗಲಿಲ್ಲ, ಪುಣ್ಯ. ಯಾರೋ ಹೇಳಿದರು ಅಂತ ಒಬ್ಬ ಟ್ರೈನರ್ ಅವರನ್ನು ಕರೆಸಿದೆವು. ಕೈಯಲ್ಲಿ ಬೆತ್ತ, ಎಳೆದರೆ ಕುತ್ತಿಗೆ ಬಿಗಿಯುವ ಸರಪಳಿ. ಅವರೆದುರು ಕರಿಯ ಕೂತ, ಎದ್ದ, ಮಲಗಿದ. ಅವರು ಗೇಟು ದಾಟಿದ ಮೇಲೆ ಮತ್ತದೇ ಕಥೆ. ಒಂದೇ ಒಂದು ಬದಲಾವಣೆ ಆಗಿತ್ತು. ಮೊದಲು ಗುರ್ ಅಂದು ಆಮೇಲೆ ಹಾರುತ್ತಿದ್ದವನು, ಈಗ ಗುರ್ ಅನ್ನದೆಯೇ ಹಾರುತ್ತಿದ್ದ. ಗುರ್ ಅಂದರೆ ಏಟು ಬೀಳುತ್ತದೆ ಎಂಬುದನ್ನು ಚೆನ್ನಾಗಿ ಕಲಿತಿದ್ದ.

ಆಮೇಲೆ ಬಂದವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಪಶುವೈದ್ಯರ ಹತ್ತಿರ ತೋರಿಸಿ, ಮೈಯಲ್ಲಿ ನೋವು ಗೀವು ಇಲ್ಲ ಎಂಬ ಚೀಟಿ ತಂದರೆ ಮಾತ್ರ ಬರುತ್ತೇನೆ ಎಂದು ಮೊದಲೇ ಹೇಳಿದ್ದರು. ಬಂದವರು ಕರಿಯನನ್ನು ಮುಟ್ಟಲೂ ಇಲ್ಲ. ಎರಡು ಗಂಟೆ ನಮ್ಮನ್ನೇ ಕೇಳಿದರು. ಅನ್ನ ಹಾಕೋದು ಯಾರು? ಮಲಗೋದೆಲ್ಲಿ? ಬೆಲ್ ಆದಾಗ ನೀವೇನು ಮಾಡ್ತೀರಿ? "ಎಲ್ಲರೂ ‘ಕರಿಯಾ, ಸುಮ್ನಿರೋ’ ಅಂತ ಕೂಗಿಕೊಂಡು ಓಡ್ತೀವಿ" ಎಂದಳು ನನ್ನ ಹೆಂಡತಿ. ಅವರು ನಕ್ಕು, ನೆಲ ನೋಡಿದರು. ಹೊಸ ಮನೆಗೆ ಕನ್ನಡಿಯಂಥ ಟೈಲ್ಸ್ ಹಾಕಿಸಿದ್ದೆವು. ಬೆಲ್ ಆದಾಗಲೆಲ್ಲ ಕರಿಯ ಬಾಗಿಲಿಗೆ ಓಡುತ್ತಿದ್ದ, ಜಾರಿ ಬೀಳುತ್ತಿದ್ದ, ಸುತ್ತ ನಾವು ಕಿರುಚುತ್ತಿದ್ದೆವು, ಅಷ್ಟರಲ್ಲಿ ಬಾಗಿಲಲ್ಲಿ ಹೊಸ ಮುಖ. ಸಾಲದ್ದಕ್ಕೆ ಅವನ ಹಾಸಿಗೆ ಹಾಕಿದ್ದು ಬಾಗಿಲ ಹಿಂದೆಯೇ. ಹಾಸಿಗೆ ಒಳಕೋಣೆಗೆ ಹೋಯಿತು, ದಾರಿಯುದ್ದಕ್ಕೂ ಗೋಣಿತಾಟು ಬಿತ್ತು, ಬೆಲ್ಲಿನ ತಂತಿ ಕಿತ್ತೆವು. ಆಮೇಲೆ ವಾರಗಟ್ಟಲೆ, ಯಾರಾದರೂ ಬಾಗಿಲು ಮೆಲ್ಲಗೆ ತಟ್ಟಿದರೆ ಒಳಕೋಣೆಯಲ್ಲಿ ಒಂದು ತುಂಡು ಮೊಟ್ಟೆ. ಈಗ ತಟ್ಟಿದ ಸದ್ದಾದರೆ ಅವನೇ ಒಳಗೆ ಹೋಗಿ ಮೊಟ್ಟೆಗೆ ಕಾಯುತ್ತಾನೆ. ಸಿಲಿಂಡರ್ ಬಂದ ದಿನ ಮಾತ್ರ ಇವತ್ತಿಗೂ ಕಟ್ಟಿಹಾಕುತ್ತೇವೆ. ಪೂರ್ತಿ ಸರಿಹೋಗುತ್ತದೆ ಎಂದು ಅವರೂ ಹೇಳಿರಲಿಲ್ಲ.

ಹೊರಡುವಾಗ, ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದೆ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕ್ಯಾಷ್ ಕೌಂಟರ್! "ಸಿಟ್ಟು ಮಾಡಿಕೊಂಡು ಬಂದವರನ್ನು ಕೂರಿಸಿ, ಅಸಲಿ ವಿಷಯ ಏನು ಅಂತ ಬಿಡಿಸೋದು ಅಲ್ಲೇ ಕಲಿತೆ" ಎಂದರು. ಸಂಜೆ ಹೊತ್ತು ನಾಯಿಗಳ ಆಶ್ರಯಧಾಮದಲ್ಲಿ ದುಡಿದು, ದೂರಶಿಕ್ಷಣದಲ್ಲಿ ಓದಿ, ಆಮೇಲೆ ಬ್ಯಾಂಕು ಬಿಟ್ಟವರು.

ನಿಮ್ಮ ಮೊದಲ ಪ್ರಶ್ನೆಗೆ ಇದರಲ್ಲೇ ಅರ್ಧ ಉತ್ತರ ಇದೆ. ಈ ಕೆಲಸಕ್ಕೆ ಹೆಬ್ಬಾಗಿಲಿಂದ ಬಂದವರು ಕಡಿಮೆ. ಹೆಚ್ಚಿನವರು ಹಿತ್ತಲ ಬಾಗಿಲಿಂದ ಬಂದವರು. ಜೊತೆಗೆ ಯಾವ ಹಿತ್ತಲಿಂದ ಬಂದರು ಎಂಬುದು ಅವರ ಕೆಲಸದಲ್ಲಿ ಕಾಣುತ್ತದೆ.

‘ಕೌನ್ಸೆಲರ್’ ಎಂಬ ಪದ ಈ ಕಸುಬಿಗೆ ಅಂಟಿಕೊಂಡದ್ದು ಬ್ರಿಟನ್ನಿನಲ್ಲಿ. ಅಲ್ಲಿ 1979ರಲ್ಲಿ ರೋಜರ್ ಮಗ್‌ಫೋರ್ಡ್ ಎಂಬ ಮನಶ್ಶಾಸ್ತ್ರಜ್ಞ, ಸಾಕುಪ್ರಾಣಿಗಳ ನಡವಳಿಕೆಗೆಂದೇ ಒಂದು ಕೇಂದ್ರ ತೆರೆದರು. ಅದಕ್ಕೂ ಮುಂಚೆ ಅವರು ನಾಯಿ-ಬೆಕ್ಕುಗಳ ಆಹಾರ ತಯಾರಿಸುವ ಕಂಪನಿಯಲ್ಲಿ, ಪ್ರಾಣಿಗಳು ಯಾವುದನ್ನು ತಿನ್ನುತ್ತವೆ, ಯಾವುದನ್ನು ಮೂಸಿ ಬಿಡುತ್ತವೆ ಎಂದು ನೋಡುತ್ತಿದ್ದವರು. ಕುದುರೆಯ ಮೂತಿಗೆ ಹಾಕುವಂಥ ಪಟ್ಟಿಯನ್ನು ನಾಯಿಗೆ ಹೊಂದಿಸಿ ‘ಹಾಲ್ಟಿ’ ಅಂತ ಮಾಡಿದ್ದು ಅವರೇ. ರಾಣಿ ಎಲಿಜಬೆತ್ ಅವರ ಕಾರ್ಗಿ ನಾಯಿಗಳು ಕಚ್ಚಾಡತೊಡಗಿದಾಗ ಅರಮನೆಯಿಂದ ಕರೆ ಹೋಗಿದ್ದೂ ಇವರಿಗೇ. ಹತ್ತು ವರ್ಷ ಕಳೆದು, 1989ರಲ್ಲಿ, ಅಲ್ಲಿನ ಪೆಟ್ ಬಿಹೇವಿಯರ್ ಕೌನ್ಸೆಲರ್‌ಗಳ ಸಂಘ ಹುಟ್ಟಿತು. ಪಶುವೈದ್ಯರು ಕಳಿಸಿದ ಪ್ರಾಣಿಗಳನ್ನೇ ನೋಡಬೇಕು ಎಂಬ ಕಟ್ಟುಪಾಡು ಅದರದ್ದು. 1990ರ ದಶಕದಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯ ಇದಕ್ಕೇ ಸ್ನಾತಕೋತ್ತರ ಕೋರ್ಸು ಶುರು ಮಾಡಿತು. ಈಗ ಲಿಂಕನ್ ವಿಶ್ವವಿದ್ಯಾಲಯದಲ್ಲೂ ಇಂಥ ಎಂಎಸ್ಸಿ ಇದೆ.

ಅಮೆರಿಕದ ಹಿತ್ತಲು ಇನ್ನೂ ವಿಚಿತ್ರ. ಕ್ಯಾರೆನ್ ಪ್ರಯರ್ ಎಂಬವರು ನಾಯಿಗೆ ಕಲಿಸುವುದನ್ನು ಕಲಿತದ್ದು ಡಾಲ್ಫಿನ್‌ಗಳಿಂದ, 1960ರ ದಶಕದಲ್ಲಿ, ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ. ಡಾಲ್ಫಿನ್ನಿಗೆ ಹಗ್ಗ ಕಟ್ಟಲಾಗುವುದಿಲ್ಲ, ಹೊಡೆಯಲಾಗುವುದಿಲ್ಲ. ಬೇಜಾರಾದರೆ ಕೊಳದ ಆಚೆ ಮೂಲೆಗೆ ಹೋಗಿಬಿಡುತ್ತದೆ, ಅಷ್ಟೇ. ಉಳಿದದ್ದು ಒಂದು ಸೀಟಿ, ಒಂದು ಬಕೆಟ್ ಮೀನು. ಮಾಡಿದ್ದು ಸರಿ ಅಂತ ಹೇಳಲು ಸೀಟಿ, ಹಿಂದೆಯೇ ಮೀನು. ಆ ಸೀಟಿಯ ಜಾಗಕ್ಕೆ ಬೆರಳಲ್ಲಿ ಒತ್ತಿದರೆ ಟಿಕ್ ಅನ್ನುವ ಕ್ಲಿಕ್ಕರ್ ಬಂತು, ನಾಯಿ ಸಾಕುವವರ ಜೇಬು ಸೇರಿತು. ಕೋಲು ಸಾಕಿತ್ತು ಅನ್ನುವ ನಿಮ್ಮ ಅತ್ತೆಯವರಿಗೆ ಈ ಡಾಲ್ಫಿನ್ ಕಥೆ ಹೇಳಿ ನೋಡಿ.

ನನಗೆ ತುಂಬ ಇಷ್ಟವಾದದ್ದು ಪ್ಯಾಟ್ರಿಷಿಯಾ ಮೆಕಾನೆಲ್ ಅವರ ಕೆಲಸ. ನಿಮ್ಮ ಮಗಳ ಹಾಗೆ ಅವರೂ ಪ್ರಾಣಿಶಾಸ್ತ್ರ ಓದಿದವರು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ. ಕುರಿನಾಯಿ, ಕುದುರೆಗಳನ್ನು ದುಡಿಸುವವರು ಅವುಗಳನ್ನು ಹೇಗೆ ಕೂಗುತ್ತಾರೆ ಎಂದು ಹಲವು ಭಾಷೆಯವರ ಕೂಗನ್ನು ಧ್ವನಿಮುದ್ರಿಸಿಕೊಂಡರು. ಭಾಷೆ ಯಾವುದೇ ಇರಲಿ, ಹೊರಡಿಸಲು ಚುಟುಕಾದ, ಮತ್ತೆ ಮತ್ತೆ ಬರುವ ಸದ್ದು. ನಿಧಾನ ಮಾಡಿಸಲು, ನಿಲ್ಲಿಸಲು ಒಂದೇ ಉದ್ದನೆಯ ಎಳೆತ. ಓದಿದಾಗ ನಮ್ಮೂರ ಗಾಡಿ ನೆನಪಾಯಿತು. ಎತ್ತು ಹೊರಡಿಸಲು ‘ಚ್ ಚ್ ಚ್, ಹೈ ಹೈ’, ನಿಲ್ಲಿಸಲು ‘ಹೋ...ಓ...’. ನಮ್ಮ ಗಾಡಿ ಹೊಡೆಯುವವರು ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಅಲ್ವಾ? ಮೆಕಾನೆಲ್ ಆಮೇಲೆ ಕಚ್ಚುವ, ಹೆದರುವ ನಾಯಿಗಳ ಮನೆಯವರಿಗೆ ಸಲಹೆ ಕೊಡುತ್ತ ಹೆಸರಾದರು.

ಲ್ಯಾಬಿನಿಂದ ಬಂದವರಲ್ಲಿ ಕೆಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿಯ ಕಥೆ ಹೇಳಲೇಬೇಕು. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಶಿಷ್ಯರು. ತಿನಿಸು ಕೊಟ್ಟು ಯಾವ ಪ್ರಾಣಿಗೆ ಏನನ್ನಾದರೂ ಕಲಿಸಬಹುದು ಎಂದು ನಂಬಿ, ಕಲಿತ ಪ್ರಾಣಿಗಳನ್ನು ಪ್ರದರ್ಶನಕ್ಕೆ, ಜಾಹೀರಾತಿಗೆ ಒದಗಿಸುವ ವ್ಯಾಪಾರವನ್ನೇ ಮಾಡಿದರು. ರಕೂನ್ ಎಂಬ ಪ್ರಾಣಿಗೆ ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿಸಿದರು. ಒಂದು ನಾಣ್ಯ ಹೇಗೋ ಹಾಕಿತು. ಎರಡು ಕೊಟ್ಟರೆ ಬಿಡಲೊಲ್ಲದು. ಒಂದಕ್ಕೊಂದು ಉಜ್ಜುತ್ತ, ಡಬ್ಬಿಗೆ ಅದ್ದಿ ತೆಗೆಯುತ್ತ ಕೂತಿತು, ತಿನ್ನುವ ಮುಂಚೆ ತಿಂಡಿಯನ್ನು ತೊಳೆಯುವ ಹಾಗೆ. ಎಷ್ಟು ತಿನಿಸು ತೋರಿಸಿದರೂ ಹುಟ್ಟುಗುಣ ಬಿಡಲಿಲ್ಲ. ತಮ್ಮ ಲೆಕ್ಕ ತಪ್ಪಿದ್ದನ್ನು ಅವರೇ 1961ರಲ್ಲಿ ಬರೆದು ಒಪ್ಪಿಕೊಂಡರು. ಒಳ್ಳೆಯ ಕೌನ್ಸೆಲರ್ ಮನೆಗೆ ಬಂದೊಡನೆ "ಇದರ ತಳಿ ಯಾವುದು?" ಎಂದು ಕೇಳುವುದು ಶೋಕಿಗಲ್ಲ. ಮೊಲ ಅಟ್ಟಲು ಹುಟ್ಟಿದ ಮುಧೋಳ ನಾಯಿಯನ್ನು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇಟ್ಟುಕೊಂಡು, ಸೋಫಾ ಹರಿಯುತ್ತದೆ ಎಂದು ದೂರಿದರೆ ಯಾರೇನು ಮಾಡಲಾದೀತು?

ಪಶುವೈದ್ಯರೂ ಬಂದಿದ್ದಾರೆ. ಇಯಾನ್ ಡನ್‌ಬಾರ್ ಲಂಡನ್ನಿನಲ್ಲಿ ಪಶುವೈದ್ಯಕೀಯ ಓದಿ, ಅಮೆರಿಕಕ್ಕೆ ಹೋಗಿ ನಾಯಿಮರಿಗಳಿಗೆ ಶಾಲೆ ತೆರೆದವರು. ಅಮೆರಿಕದಲ್ಲಿ 1993ರಿಂದ ನಡವಳಿಕೆಯ ಚಿಕಿತ್ಸೆ ಪಶುವೈದ್ಯಕೀಯದ ಒಂದು ತಜ್ಞ ವಿಭಾಗವೇ ಆಗಿದೆ.

ಇನ್ನು ನಮ್ಮ ಕಡೆ. ಇಲ್ಲಿ ಎಲ್ಲಕ್ಕಿಂತ ಹಳೆಯ ದಾರಿ ಖಾಕಿಯದ್ದು. ಮೀರತ್‌ನಲ್ಲಿ ಸೇನೆಯ ಕೇಂದ್ರ, ಗ್ವಾಲಿಯರ್ ಹತ್ತಿರದ ಟೇಕನ್‌ಪುರದಲ್ಲಿ ಬಿಎಸ್‌ಎಫ್‌ನದ್ದು, ಬೆಂಗಳೂರಿನ ಹೊರಗೆ ತರಳುವಿನಲ್ಲಿ ಸಿಆರ್‌ಪಿಎಫ್‌ನದ್ದು. ಇಂಥ ಕಡೆ ನಾಯಿ ಪಳಗಿಸಿದವರು ನಿವೃತ್ತರಾದ ಮೇಲೆ ಊರಲ್ಲಿ ಟ್ರೈನರ್ ಆಗುತ್ತಾರೆ. ನಮ್ಮನೆಗೆ ಬಂದ ಬೆತ್ತದವರನ್ನು ನೋಡಿ ಎಲ್ಲರನ್ನೂ ಅಳೆಯಬೇಡಿ. ನಾಯಿಯ ಕಿವಿ, ಬಾಲ, ಉಸಿರು ನೋಡಿ ಅದರ ಮನಸ್ಸು ಹೇಳುವವರನ್ನು ಇವರಲ್ಲೇ ಕಂಡಿದ್ದೇನೆ. ಆದರೆ ಬಾಂಬು ಮೂಸಲು ಆರಿಸಿದ ಗಟ್ಟಿ ನಾಯಿಯೇ ಬೇರೆ, ಪಟಾಕಿಗೆ ಮಂಚದಡಿ ಸೇರುವ ಮನೆನಾಯಿಯೇ ಬೇರೆ. ಮೊದಲಿನದಕ್ಕೆ ಆಜ್ಞೆ ಕಲಿಸಬೇಕು, ಎರಡನೆಯದರ ಭಯ ಕರಗಿಸಬೇಕು. ‘ಕೂರು’ ಎಂದರೆ ಕೂರುವ ನಾಯಿ ಹೆದರಿಕೊಂಡೂ ಕೂತಿರಬಹುದು. ಉಳಿದಂತೆ ಐಟಿ ಬಿಟ್ಟವರು, ಮನಶ್ಶಾಸ್ತ್ರ ಓದಿದವರು, ಬೀದಿನಾಯಿಗಳ ಸೇವೆ ಮಾಡುತ್ತ ಇದಕ್ಕೆ ಬಂದವರು ಬೆಂಗಳೂರಿನಲ್ಲಿ ಇದ್ದಾರೆ.

‘ನಾಯಿಗೆ ಯಜಮಾನ ಯಾರು ಅಂತ ತೋರಿಸಬೇಕು’ ಎನ್ನುವವರು ಸಿಕ್ಕರೆ ಮಗಳು ಸ್ವಲ್ಪ ದೂರ ಇರಲಿ. ಇದರ ಬೇರು 1947ರಲ್ಲಿ ಶೆಂಕಲ್ ಎಂಬವರು ಕೂಡಿಹಾಕಿದ ತೋಳಗಳನ್ನು ನೋಡಿ ಬರೆದದ್ದರಲ್ಲಿದೆ. ಕಾಡಿನ ತೋಳಗಳ ಹಿಂಡೆಂದರೆ ಬಹುಪಾಲು ಅಪ್ಪ, ಅಮ್ಮ, ಮಕ್ಕಳು, ಅಲ್ಲಿ ಪಟ್ಟಕ್ಕಾಗಿ ಜಗಳವಿಲ್ಲ ಎಂದು 1999ರಲ್ಲಿ ತಿದ್ದಿದವರು ತೋಳಗಳ ತಜ್ಞ ಡೇವಿಡ್ ಮೀಚ್. ಹಿಂಡನ್ನು ಆಳುವ ಯಜಮಾನ ತೋಳ ಎಂಬ ಅರ್ಥದ ‘ಆಲ್ಫಾ’ ಮಾತನ್ನು ಮೊದಲು ಜನಪ್ರಿಯ ಮಾಡಿದ್ದೂ ಅವರೇ.

ಎರಡನೇ ಪ್ರಶ್ನೆ, ಹೊಟ್ಟೆಪಾಡು. ನಮ್ಮಲ್ಲಿ ಈ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಇಲ್ಲ. ಬ್ರಿಟನ್ನಿನಲ್ಲೂ ‘ಬಿಹೇವಿಯರಿಸ್ಟ್’ ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಹಾಗಾಗಿ ಅಲ್ಲಿನ ಸಂಘಗಳು ಸೇರಿ, ಓದು ಮತ್ತು ಅನುಭವವನ್ನು ಅಳೆದು ಹೆಸರು ನೋಂದಾಯಿಸುವ ಪಟ್ಟಿ ಇಟ್ಟಿವೆ. ವಾರಾಂತ್ಯದ ಎರಡು ದಿನಕ್ಕೆ ಸರ್ಟಿಫಿಕೇಟು ಕೊಡುವವರ ಬಲೆಗೆ ಬಿದ್ದು ದುಡ್ಡು ಕಳೆದುಕೊಳ್ಳಬೇಡಿ. ಪ್ರಾಣಿಶಾಸ್ತ್ರದ ಎಂಎಸ್ಸಿ ಗಟ್ಟಿ ಬುನಾದಿ. ಪಶುವೈದ್ಯಕೀಯವನ್ನು ಈಗ ಹೊಸದಾಗಿ ಓದಲು ಹೊರಟರೆ ಇಂಟರ್ನ್‌ಶಿಪ್ಪೂ ಸೇರಿ ಮತ್ತೆ ಐದೂವರೆ ವರ್ಷ. ಅಷ್ಟು ಬೇಕಾಗಿಲ್ಲ. ಆದರೆ ಒಂದು ಗೆರೆ ಅವಳಿಗೆ ಗೊತ್ತಿರಲಿ. 1984ರ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಔಷಧ ಬರೆಯುವ ಹಕ್ಕು ನೋಂದಾಯಿತ ಪಶುವೈದ್ಯರದ್ದು. ನಾಯಿಯ ಭಯಕ್ಕೆ ಮಾತ್ರೆ ಬೇಕಾದರೆ ಅವರ ಹತ್ತಿರವೇ ಕಳಿಸಬೇಕು.

ಅರಸೀಕೆರೆಯಲ್ಲಿ ಕೂತು ಇದೊಂದರಿಂದಲೇ ಮನೆ ನಡೆಯುವುದು ಕಷ್ಟ. ಅದನ್ನು ಮುಚ್ಚಿಡುವುದಿಲ್ಲ. ಈ ಕೆಲಸ ಇರುವುದು ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಡೆ. ನಾನು ಮಾತಾಡಿಸಿದ ಮೂವರೂ ಮೊದಲ ಎರಡು ಮೂರು ವರ್ಷ ಪಕ್ಕದಲ್ಲಿ ಇನ್ನೊಂದು ಸಂಪಾದನೆ ಇಟ್ಟುಕೊಂಡಿದ್ದವರು. ಯಜಮಾನರ ಬಿಎಡ್ ಆಸೆಯನ್ನು ಪೂರ್ತಿ ತಳ್ಳಿಹಾಕಬೇಡಿ ಎನ್ನುವುದು ಅದಕ್ಕೇ. ನಲವತ್ತು ಮಕ್ಕಳ ಕ್ಲಾಸು ಸಂಭಾಳಿಸಿದವಳಿಗೆ ಒಂದು ಮನೆಯ ನಾಲ್ಕು ದೊಡ್ಡವರನ್ನು ಸಂಭಾಳಿಸುವುದು ಸುಲಭ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ. ನಾಯಿ ಕಲಿಯುತ್ತದೆ. "ಊಟ ಮಾಡುವಾಗ ತಟ್ಟೆಯಿಂದ ಹಾಕಬೇಡಿ" ಎಂದರೆ ಕೇಳದವರು ಮನೆಯ ಅಜ್ಜ. ಈಗಿನಿಂದಲೇ ಒಂದು ಆಶ್ರಯಧಾಮಕ್ಕೋ, ಪಶುವೈದ್ಯರ ಕ್ಲಿನಿಕ್ಕಿಗೋ ಹೋಗಿ ಸುಮ್ನೆ ಕೂತು ನೋಡಲಿ, ನೋಡಿದ್ದನ್ನು ಬರೆದಿಡಲಿ. ಅದಕ್ಕೂ ಮೊದಲು ರೇಬೀಸ್ ಲಸಿಕೆ, ಕಚ್ಚಿಸಿಕೊಳ್ಳುವ ಮುಂಚೆಯೇ ಕೊಡುವಂಥದ್ದು, ಹಾಕಿಸಿಕೊಳ್ಳಲಿ. ಒಂದಲ್ಲ ಒಂದು ದಿನ ಹಲ್ಲು ತಾಗುತ್ತದೆ.

ಈಗ ಬೆಕ್ಕು. ‘ಸೊಸೆ ಬಂದ ಮೇಲೆ ನಮ್ಮ ಗಂಡುಬೆಕ್ಕಿಗೆ ಹೊಟ್ಟೆಕಿಚ್ಚು. ಚಾಪೆ ಮೇಲೆ ಕೂತು ತಿಣುಕುತ್ತದೆ, ಎರಡು ಹನಿ ಬಿಡುತ್ತದೆ, ಕೂಗುತ್ತದೆ. ಮಗಳು ಇದನ್ನು ನಡವಳಿಕೆಯ ಸಮಸ್ಯೆ ಅಂತಾಳೆ’ ಎಂದು ಬರೆದಿದ್ದಿರಿ. ಗಂಡುಬೆಕ್ಕು ತಿಣುಕಿಯೂ ಉಚ್ಚೆ ಬರದಿದ್ದರೆ ಮೂತ್ರದ ದಾರಿ ಕಟ್ಟಿರಬಹುದು. ಹಾಗೇ ಬಿಟ್ಟರೆ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಅದಕ್ಕೇ ಅವತ್ತು ಫೋನಿನಲ್ಲಿ, ಪತ್ರದ ಉತ್ತರಕ್ಕೆ ಕಾಯಬೇಡಿ, ಈಗಲೇ ಡಾಕ್ಟರ ಹತ್ತಿರ ಹೊರಡಿ ಎಂದು ಗದರಿದ ಹಾಗೆ ಹೇಳಿದ್ದು, ಬೇಜಾರು ಮಾಡಿಕೊಳ್ಳಬೇಡಿ. ಮಗಳೇ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಹಾಸನದ ಬಸ್ಸು ಹತ್ತಿದಳಂತೆ. ಕಟ್ಟಿದ್ದೇ ನಿಜ ಆಯಿತಂತೆ, ನಳಿಗೆ ಹಾಕಿ ತೆಗೆದರಂತೆ. ರಾತ್ರಿ ಅವಳೇ ಫೋನ್ ಮಾಡಿ, "ಸರ್, ನಾನು ಹೊಟ್ಟೆಕಿಚ್ಚು ಅಂತ ನೋಟ್‌ಬುಕ್ಕಲ್ಲಿ ಮೂರು ಪುಟ ಬರೆದಿದ್ದೆ" ಎಂದಳು. ಆ ಮೂರು ಪುಟವನ್ನು ಹರಿಯಬೇಡ, ಹಾಗೇ ಇಟ್ಟುಕೋ ಎಂದಿದ್ದೇನೆ. ಬೆಕ್ಕು ಈಗ ಸರಿಯಾಗಿ ನೀರು ಕುಡಿಯುತ್ತಿದೆಯಾ? ಒಂದು ಕಾರ್ಡು ಹಾಕಿ.

– ಸಂಪಾದಕ