ಹಳೇ ಐ3ಗೆ ವಿಂಡೋಸ್ 11 ಹಾಕಬಹುದಾ? ಹಾಕಬಹುದು. ನೀವು ಹಾಕಬೇಡಿ.

ನಿಮ್ಮದು ಇಂಟೆಲ್‌ನ ಮೂರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್ಯಾಮ್, ಹಳೇ ಹಾರ್ಡ್ ಡಿಸ್ಕ್, ವಿಂಡೋಸ್ 10, ಹಾಸನದಲ್ಲಿ ಟೈಪಿಂಗ್ ಅಂಗಡಿ. "ಹೇಗಾದರೂ ಮಾಡಿ 11 ಹಾಕಬಹುದಾ, ಇಲ್ಲಾ ಹೊಸದೇ ತಗೋಬೇಕಾ" ಅಂತ ಕೇಳಿದ್ದೀರಿ. ಅಂಗಡಿ ಒಂದು ಬಿಟ್ಟರೆ ಉಳಿದದ್ದೆಲ್ಲ ನನ್ನ ಕಂಪ್ಯೂಟರೇ.

ನಾನು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರು, ಅಂದರೆ ಲೆಕ್ಕ ಬರೆಯೋನು. ಚೆಕ್‌ರೋಲ್ (ಆಳುಗಳ ಕೂಲಿ ಪಟ್ಟಿ), ಬಟವಾಡೆ, ಪಿಎಫ್, ಗೊಬ್ಬರದ ಲೆಕ್ಕ, ಕ್ಯೂರಿಂಗ್‌ಗೆ ಕಳಿಸಿದ ಮೂಟೆ ಲೆಕ್ಕ, ಎಲ್ಲ ಅದೊಂದೇ ಡಬ್ಬದಲ್ಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತೆ ಅಂತ ಪರದೆ ತುಂಬ ಬರೋಕೆ ಶುರುವಾಯಿತು. ಅದನ್ನು ಸಾಹುಕಾರ್ರು ನೋಡಿಬಿಟ್ಟರು. ಅವರ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಅಪ್ಪನ ಬ್ಯಾಂಕ್ ಕೆಲಸವೂ ಅದರಲ್ಲೇ ಅಲ್ವಾ ರೈಟ್ರೇ, ಏನಾದರೂ ಮಾಡಿ" ಅಂದರು. ಹೊಸದು ಕೊಡಿಸುವ ಮಾತು ಮಾತ್ರ ಬರಲಿಲ್ಲ.

ಮೈಕ್ರೋಸಾಫ್ಟ್‌ನ ತಪಾಸಣೆ ಪ್ರೋಗ್ರಾಂ ಓಡಿಸಿದೆ. ನಿಮಗೆ ಬಂದ ಉತ್ತರವೇ ಬಂತು. ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಪಟ್ಟಿಯಲ್ಲಿಲ್ಲ. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನದನ್ನು ಮಾತ್ರ ಅವರು ಒಪ್ಪುತ್ತಾರೆ. ಹಾಗಂತ 3ನೇದರಲ್ಲಿ ಅದು ಓಡಲ್ಲ ಅಂತೇನಿಲ್ಲ. ನಿಜವಾಗಿ ಓಡದೇ ಇರೋದು ಕೋರ್ 2 ಡ್ಯುಯೋದಂಥವು. 11ರ 24ಎಚ್2 ಆವೃತ್ತಿಯಿಂದ ಎಸ್‌ಎಸ್‌ಇ 4.2 ಅನ್ನೋ ಸೌಲಭ್ಯ ಪ್ರೊಸೆಸರ್ ಒಳಗೇ ಇರಬೇಕು. ಅವುಗಳಲ್ಲಿ ಅದಿಲ್ಲ, ಯಾವ ಉಪಾಯಕ್ಕೂ ಬಗ್ಗಲ್ಲ. ನಿಮ್ಮ ಐ3ಯಲ್ಲಿ ಇದೆ. ರೂಫಸ್ ಅನ್ನೋ ಪುಕ್ಕಟೆ ಪ್ರೋಗ್ರಾಂನಲ್ಲಿ ವಿಂಡೋಸ್ ಹಾಕೋ ಪೆನ್‌ಡ್ರೈವ್ ತಯಾರು ಮಾಡುವಾಗ ಟಿಪಿಎಂ, ಸೆಕ್ಯೂರ್ ಬೂಟ್, ರ್ಯಾಮ್ ಷರತ್ತುಗಳನ್ನು ತೆಗೆದುಹಾಕು ಅಂತ ಒಂದು ಟಿಕ್ ಇರುತ್ತದೆ. ಅದನ್ನು ಹಾಕಿದರೆ ಮುಗಿಯಿತು, ತಪಾಸಣೆಯೇ ನಡೆಯಲ್ಲ. ಯೂಟ್ಯೂಬಿನಲ್ಲಿ ದೊಡ್ಡ ವಿದ್ಯೆ ಅನ್ನೋ ಹಾಗೆ ತೋರಿಸುವುದು ಇಷ್ಟನ್ನೇ.

ಈಗ ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಓದಿ. ನಿಮ್ಮ ಅಂಗಡಿಯಲ್ಲೂ ಹೀಗೇ ಆಗುವ ಸಂಭವ ಜಾಸ್ತಿ.

ಪೆನ್‌ಡ್ರೈವ್ ಸಿಗಿಸಿ ಬೂಟ್ ಮೆನು (ಯಾವುದರಿಂದ ಶುರುವಾಗಬೇಕು ಅಂತ ಕೇಳುವ ಪಟ್ಟಿ) ತೆರೆದಾಗ ಅದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಿತು. ಒಂದು ಸಾಲಿನಲ್ಲಿ ಬರೀ ಹೆಸರು. ಇನ್ನೊಂದರಲ್ಲಿ ಹೆಸರಿನ ಮುಂದೆ ಯುಇಎಫ್‌ಐ ಅಂತ. ಯುಇಎಫ್‌ಐ ಅಂದರೆ ಹೊಸದು, ಹೊಸದು ಅಂದರೆ ಒಳ್ಳೆಯದು ಅಂತ ಅದನ್ನೇ ಒತ್ತಿದೆ. ಇಡೀ ಅನಾಹುತಕ್ಕೆ ಕಾರಣ ಆ ಒಂದು ಸಾಲು. ಆ ಕಾಲದ ಅಸೆಂಬಲ್ ಮಾಡಿದ ಕಂಪ್ಯೂಟರುಗಳಿಗೆ ವಿಂಡೋಸನ್ನು ಯುಇಎಫ್‌ಐಗಿಂತ ಹಿಂದಿನ ಬಯೋಸ್ ಅನ್ನೋ ಹಳೇ ಬೂಟ್ ಕ್ರಮದಲ್ಲೇ ಹಾಕಿಕೊಡುತ್ತಿದ್ದರು. ಹಾಗಾಗಿ ಡಿಸ್ಕನ್ನು ಭಾಗ ಮಾಡಿರೋದು ಎಂಬಿಆರ್ ಅನ್ನೋ ಹಳೇ ಪದ್ಧತಿಯಲ್ಲಿ. ಯುಇಎಫ್‌ಐ ಕ್ರಮದಲ್ಲಿ ಎದ್ದ ವಿಂಡೋಸ್ ಅದನ್ನು ಒಪ್ಪಲ್ಲ, ಜಿಪಿಟಿ ಅನ್ನೋ ಹೊಸ ಪದ್ಧತಿಯೇ ಬೇಕು ಅನ್ನುತ್ತದೆ. ಪಾರ್ಟಿಷನ್ ಆರಿಸುವ ಕಡೆ ಬಂದಾಗ ಇದನ್ನೇ ಹೇಳಿ ಮುಂದೆ ಬಿಡಲಿಲ್ಲ.

ಅಲ್ಲಿಂದ ವಾಪಸ್ ಬಂದು, ಬೂಟ್ ಮೆನುವಿನಲ್ಲಿ ಇನ್ನೊಂದು ಸಾಲು ಒತ್ತಿದ್ದರೆ ಎಂಬಿಆರ್ ಡಿಸ್ಕಿಗೇ 11 ಹತ್ತುತ್ತಿತ್ತು. ರೂಫಸ್‌ನಲ್ಲಿ ಎರಡೂ ಕ್ರಮಕ್ಕೆ ಆಗುವ ಹಾಗೆ ಪೆನ್‌ಡ್ರೈವ್ ಮಾಡಿದ್ದೆ, ಅದಕ್ಕೇ ಎರಡು ಸಾಲು ಬಂದದ್ದು. ಇದು ಆಗ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಆ ಸಂದೇಶವನ್ನೇ ಹುಡುಕಿದೆ. ಒಬ್ಬ ಪುಣ್ಯಾತ್ಮ ವಿಡಿಯೋದಲ್ಲಿ ಶಿಫ್ಟ್ ಜೊತೆ ಎಫ್10 ಒತ್ತಿ, ಡಿಸ್ಕ್‌ಪಾರ್ಟ್ ಅಂತ ಹೊಡೆದು, ಡಿಸ್ಕ್ ಆರಿಸಿ, ಕ್ಲೀನ್ ಅಂತ ಹೊಡೆಯಿರಿ, ಆಮೇಲೆ ಜಿಪಿಟಿಗೆ ಬದಲಿಸಿ ಅಂದ. "ಡೇಟಾ ಇದ್ದರೆ ಬ್ಯಾಕಪ್ ಮಾಡಿಕೊಳ್ಳಿ" ಅಂತಲೂ ಅಂದ, ಸುಳ್ಳು ಹೇಳಬಾರದು. ನನ್ನ ಡೇಟಾ ಡಿ ಡ್ರೈವಿನಲ್ಲಿತ್ತು. ಡಿ ಯಾವತ್ತೂ ಸೇಫ್ ಅಂತಲೇ ನಮಗೆಲ್ಲ ಹೇಳಿಕೊಟ್ಟಿದ್ದು. ಸರ್ವಿಸ್ ಹುಡುಗರು ಫಾರ್ಮ್ಯಾಟ್ ಮಾಡುವಾಗೆಲ್ಲ "ಸಿ ಮಾತ್ರ ಹೋಗುತ್ತೆ ಸಾರ್, ಡಿಗೆ ಏನೂ ಆಗಲ್ಲ" ಅನ್ನುತ್ತಿದ್ದರು, ಆಗುತ್ತಲೂ ಇರಲಿಲ್ಲ. ಆದರೆ ಸಿ, ಡಿ, ಇ ಮೂರೂ ಇರೋದು ಒಂದೇ ಡಿಸ್ಕಿನಲ್ಲಿ, ಮತ್ತು ಕ್ಲೀನ್ ಅನ್ನೋದು ಒಂದು ಡ್ರೈವಿನ ಮಾತಲ್ಲ, ಇಡೀ ಡಿಸ್ಕಿನ ಮಾತು. ತೋಟದ ಸರ್ವೆ ನಕ್ಷೆಯನ್ನೇ ಹರಿದು ಹಾಕಿದ ಹಾಗೆ ಅದು. ಜಮೀನು ಅಲ್ಲೇ ಇರುತ್ತೆ, ಯಾವ ಗಡಿ ಎಲ್ಲಿ ಅಂತ ಯಾರಿಗೂ ಗೊತ್ತಾಗಲ್ಲ. ಖಚಿತಾನಾ ಅಂತ ಒಂದು ಮಾತು ಕೂಡ ಕೇಳದೆ ಕಣ್ಣು ಮುಚ್ಚಿ ತೆಗೆಯೋದರೊಳಗೆ ಮುಗಿಸಿಬಿಡುತ್ತದೆ.

ಅಲ್ಲಿಗೇ ನಿಲ್ಲಿಸಿದ್ದರೂ ಎಲ್ಲ ವಾಪಸ್ ಬರುತ್ತಿತ್ತು. ಟೆಸ್ಟ್‌ಡಿಸ್ಕ್ ಅಂತ ಪುಕ್ಕಟೆ ಪ್ರೋಗ್ರಾಂ ಇದೆ. ಹರಿದ ನಕ್ಷೆಯನ್ನು ಮತ್ತೆ ಕಟ್ಟಿಕೊಡುವುದೇ ಅದರ ಕೆಲಸ. ನಾನು ನಿಲ್ಲಿಸಲಿಲ್ಲ. ಇಡೀ ಡಿಸ್ಕ್ ಖಾಲಿ ಅಂತ ಒಂದೇ ಸಾಲು ಕಂಡಾಗ ಎದೆ ಧಸಕ್ಕೆಂದರೂ, "ಇನ್‌ಸ್ಟಾಲ್ ಆದಮೇಲೆ ಡಿ ಬರುತ್ತೇನೋ" ಅಂತ ಮುಂದೆ ಒತ್ತಿದೆ. 11 ಅದರ ಮೇಲೇ ಬಂದು ಕೂತಿತು. ಅಪ್ಡೇಟ್‌ಗಳೂ ಇಳಿದು ಇನ್ನಷ್ಟು ಜಾಗ ತುಂಬಿದವು. ಅವತ್ತು ಕರೆಂಟ್ ಬೇರೆ ಹೋಗಲಿಲ್ಲ. ಬೇರೆ ದಿನ ಬಿಸಿಲಿದ್ದರೂ ಹೋಗುವ ಕರೆಂಟು!

ಬಟವಾಡೆ ಹತ್ತಿರ ಬಂದಿತ್ತು. ಹಾಜರಿ ಮೇಸ್ತ್ರಿ ಪುಸ್ತಕದಲ್ಲಿತ್ತು, ಅದಕ್ಕೆ ಭಯ ಇರಲಿಲ್ಲ. ಆದರೆ ಯಾರು ಎಷ್ಟು ಮುಂಗಡ ತಗೊಂಡಿದ್ದಾರೆ ಅನ್ನೋದು ಕಂಪ್ಯೂಟರಿನಲ್ಲಿ ಮಾತ್ರ. ಅಸ್ಸಾಮಿನಿಂದ ಬಂದವರು ಊರಿಗೆ ದುಡ್ಡು ಕಳಿಸೋಕೆ ಆಗಾಗ ಕೇಳುತ್ತಾರೆ, ಕೊಟ್ಟು ಎಕ್ಸೆಲ್‌ನಲ್ಲಿ ಹಾಕಿಕೊಂಡು ಬಂದಿದ್ದೆ. ಆಳುಗಳಿರುವ ಲೈನ್ ಮನೆಗಳಿಗೆ ಹೋಗಿ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡೆ. ಒಬ್ಬಳು ನನ್ನ ಅಂದಾಜಿಗಿಂತ ಜಾಸ್ತಿಯೇ ಹೇಳಿದಳು. ಸಾಹುಕಾರ್ರು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆಮೇಲೆ ಚಿಕ್ಕಮಗಳೂರಿನಿಂದ ಇನ್ನೊಂದು ಡಿಸ್ಕ್ ತಂದು ಫೋಟೋರೆಕ್ ಓಡಿಸಿದೆ. ಅದು ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತದೆ. ಹೆಸರು ಫೋಟೋ ಅಂತಿದ್ದರೂ ಎಕ್ಸೆಲ್, ವರ್ಡ್ ಎಲ್ಲ ಹೆಕ್ಕುತ್ತದೆ. ಡಿ ಇದ್ದದ್ದು ಡಿಸ್ಕಿನ ಹಿಂಭಾಗದಲ್ಲಿ, ಹೊಸ ವಿಂಡೋಸ್ ಬಂದು ಕೂತದ್ದು ಮುಂಭಾಗದಲ್ಲಿ, ಅದಕ್ಕೇ ಮುಕ್ಕಾಲು ಪಾಲು ಸಿಕ್ಕಿತು. ಆದರೆ ಯಾವ ಫೈಲಿಗೂ ಹೆಸರಿಲ್ಲ. ಎಫ್ ಅಕ್ಷರ, ಅದರ ಮುಂದೆ ಒಂದು ಉದ್ದ ಸಂಖ್ಯೆ, ಅಷ್ಟೇ. ಒಂದೊಂದೇ ತೆರೆದು ಇದು ಯಾವ ವರ್ಷದ ಕೊಯ್ಲಿನದು ಅಂತ ನೋಡುತ್ತಾ ಕೂರಬೇಕು. ವರ್ಡ್ ಫೈಲುಗಳಂತೂ ತೆರೆದರೆ ಇಂಗ್ಲಿಷ್ ಅಕ್ಷರ ಕಲಸಿ ಎರಚಿದ ಹಾಗಿದ್ದವು. ಎಲ್ಲ ಕೆಟ್ಟುಹೋಗಿದೆ ಅಂತ ಅಳು ಬಂತು. ಕೆಟ್ಟಿರಲಿಲ್ಲ. ಹೊಸ ವಿಂಡೋಸಿನಲ್ಲಿ ನುಡಿ ಅನ್ನೋ ಕನ್ನಡ ಟೈಪಿಂಗ್ ಪ್ರೋಗ್ರಾಂನ ಫಾಂಟ್ ಇರಲಿಲ್ಲ, ಅಷ್ಟೇ. ಹಳೇ ನುಡಿಯಲ್ಲಿ ಹೊಡೆದ ಕನ್ನಡ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿ) ಅಲ್ಲ, ಆ ಫಾಂಟ್ ಇಲ್ಲದಿದ್ದರೆ ಓದೋಕೆ ಆಗಲ್ಲ. ಫಾಂಟ್ ಹಾಕಿದ ತಕ್ಷಣ ಸರಿಹೋಯಿತು. ಟೈಪಿಂಗ್ ಅಂಗಡಿಯವರು ನೀವು, ನಿಮಗೆ ಇದು ಗೊತ್ತಿರುತ್ತೆ. ಆದರೂ ಫಾಂಟ್‌ಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.

ಇಷ್ಟೆಲ್ಲ ಆದಮೇಲೆ 11 ಹೇಗಿತ್ತು? ಓಡುತ್ತಿತ್ತು. ಎತ್ತು ಕೆಸರಲ್ಲಿ ನಡೆಯೋದಕ್ಕೂ ಓಡುವುದು ಅಂತ ಹೇಳೋದಾದರೆ. ಆನ್ ಮಾಡಿ ಕಾಫಿ ಕುಡಿದು ಬರಬಹುದಿತ್ತು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ ಸದಾ ಶೇಕಡಾ 100 ತೋರಿಸುತ್ತಿತ್ತು. ತಿಂಗಳ ಭದ್ರತಾ ಅಪ್ಡೇಟ್ ಬಂತು, ನಿಜ. ಆದರೆ ಬೆಂಬಲವಿಲ್ಲದ ಕಂಪ್ಯೂಟರಿಗೆ ಅಪ್ಡೇಟ್ ಕೊಟ್ಟೇ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ವರ್ಷಕ್ಕೊಂದು ಬರುವ ದೊಡ್ಡ ಆವೃತ್ತಿಯಂತೂ ಇಂಥ ಕಂಪ್ಯೂಟರಿಗೆ ತಾನಾಗಿ ಬರಲ್ಲ. ಹೋಂ ಮತ್ತು ಪ್ರೊದಲ್ಲಿ ಒಂದೊಂದು ಆವೃತ್ತಿಗೆ 24 ತಿಂಗಳು ಆಯಸ್ಸು. ಅಂದರೆ ಎರಡು ವರ್ಷಕ್ಕೊಮ್ಮೆ ಮತ್ತೆ ಪೆನ್‌ಡ್ರೈವ್, ಮತ್ತೆ ರೂಫಸ್, ಮತ್ತೆ ಎದೆ ಹಿಡಿದುಕೊಂಡು ಕೂರೋದು. ಗಿರಾಕಿ ನಿಂತಿರುವ ಅಂಗಡಿಯಲ್ಲಿ ಇದು ಬೇಕಾ?

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. 11 ಅಥವಾ ಹೊಸ ಕಂಪ್ಯೂಟರ್, ಎರಡರಲ್ಲಿ ಒಂದು ಅಂತ ಯಾರು ಹೇಳಿದ್ದು?

ಮೊದಲು ಒಂದು 2.5 ಇಂಚಿನ ಸ್ಯಾಟಾ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿಗಿಂತ ತುಂಬ ವೇಗದ ಡಿಸ್ಕ್, ತನ್ನಿ. 256 ಜಿಬಿಯದು ಸಾಕು. ಡಬ್ಬ ಬಿಚ್ಚಿ, ಹಳೇ ಡಿಸ್ಕಿನ ಕೇಬಲ್ ಕಿತ್ತು, ಅದೇ ಕೇಬಲನ್ನು ಎಸ್‌ಎಸ್‌ಡಿಗೆ ಹಾಕಿ. ಕೀಳೋದು ಮುಖ್ಯ. ಪಕ್ಕದಲ್ಲೇ ಸಿಗಿಸಿಟ್ಟುಕೊಂಡು "ನೋಡಿ ಆರಿಸುತ್ತೇನೆ" ಅನ್ನಬೇಡಿ, ನಾನೂ ನೋಡಿಯೇ ಆರಿಸಿದ್ದು. ಕೇಬಲ್ ಇಲ್ಲದ ಡಿಸ್ಕನ್ನು ಯಾವ ಕ್ಲೀನ್ ಕೂಡ ಮುಟ್ಟಲ್ಲ. ಏನೇ ಎಡವಟ್ಟಾದರೂ ಹಳೇ ಡಿಸ್ಕ್ ಮತ್ತೆ ಸಿಗಿಸಿದರೆ ನಿಮ್ಮ ವಿಂಡೋಸ್ 10, ನುಡಿ, ಫೈಲು ಎಲ್ಲ ಹೇಗಿತ್ತೋ ಹಾಗೇ ಏಳುತ್ತದೆ. ಎಂಬಿಆರ್ ಡಿಸ್ಕನ್ನು ಫೈಲ್ ಹೋಗದ ಹಾಗೆ ಜಿಪಿಟಿ ಮಾಡುವ ಎಂಬಿಆರ್2ಜಿಪಿಟಿ ಅನ್ನೋ ಸಲಕರಣೆ ವಿಂಡೋಸಿನಲ್ಲೇ ಇದೆ ಅಂತ ಯಾರಾದರೂ ಹೇಳಬಹುದು. ಇದೆ. ಆದರೆ ಎಕ್ಸ್‌ಟೆಂಡೆಡ್ ಪಾರ್ಟಿಷನ್ (ಒಳಗೆ ಮತ್ತೆ ಡ್ರೈವುಗಳನ್ನು ಮಾಡಿರುವ ಭಾಗ) ಇದ್ದರೆ ಅದು ಕೆಲಸ ಮಾಡಲ್ಲ, ನಮ್ಮ ಕಡೆ ಡಿ, ಇ ಅಂತ ಹಂಚಿಕೊಟ್ಟ ಎಷ್ಟೋ ಡಿಸ್ಕುಗಳಲ್ಲಿ ಅದೇ ಇರೋದು.

ಎಸ್‌ಎಸ್‌ಡಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ 22 ಹಾಕಿ, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರವರೆಗೆ ಅದಕ್ಕೆ ಅಪ್ಡೇಟ್ ಇದೆ, 4 ಜಿಬಿ ರ್ಯಾಮ್ ಸಾಕು. ಇನ್ನೊಂದು 4 ಜಿಬಿ ಡಿಡಿಆರ್3 ರ್ಯಾಮ್ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಹಾಕಿಬಿಡಿ. ಬೆಂಬಲವಿಲ್ಲದ ಕಂಪ್ಯೂಟರ್ ಅನ್ನೋ ಮಾತೇ ಅಲ್ಲಿ ಬರಲ್ಲ. ಬ್ರೌಸರಿನಲ್ಲಿ ಆಗುವ ಕೆಲಸಕ್ಕೆ, ಅಂದರೆ ಸೇವಾ ಸಿಂಧು ಅರ್ಜಿ, ಮೇಲ್, ವಾಟ್ಸಾಪ್ ವೆಬ್, ಪಿಡಿಎಫ್ ಪ್ರಿಂಟ್, ಇಷ್ಟಕ್ಕೆ ಧಾರಾಳವಾಯಿತು. ಪ್ರಿಂಟರ್ ಹಿಡಿಯುತ್ತಾ ಅಂತ ಪೆನ್‌ಡ್ರೈವಿನಿಂದಲೇ ಓಡಿಸಿ ಮೊದಲೇ ನೋಡಬಹುದು, ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ.

ಕನ್ನಡ ಟೈಪಿಂಗ್ ಬಗ್ಗೆ ನಿಮಗೆ ಅನುಮಾನ ಇರುತ್ತೆ. ಐಬಸ್-ಎಂ17ಎನ್ ಅಂತ ಪ್ಯಾಕೇಜ್ ಹಾಕಿಕೊಂಡರೆ ಅದರಲ್ಲಿ ಕೆಜಿಪಿ ಕೀಲಿಮಣೆ ಇದೆ, ನುಡಿಯಲ್ಲಿ ಬೆರಳಿಗೆ ಕೂತ ವಿನ್ಯಾಸವೇ. ಯೂನಿಕೋಡಿನಲ್ಲಿ ಹೊಡೆಯೋಕೆ ನಾನು ಒಂದು ದಿನವೂ ತಡವರಿಸಲಿಲ್ಲ. ಆದರೆ ಗಿರಾಕಿ "ನುಡಿ ಫಾಂಟಿನಲ್ಲೇ ಬೇಕು, ಪ್ರೆಸ್‌ನವರು ಕೇಳಿದ್ದಾರೆ" ಅಂದರೆ ಆಗ ಹಳೇ ಡಿಸ್ಕೇ ಗತಿ. ನೆಟ್ ಕೇಬಲ್ ಕಿತ್ತು ವಿಂಡೋಸ್ 10ನಲ್ಲಿ ಕೂತು ಹೊಡೆಯಿರಿ. ನೆಟ್ ಇಲ್ಲದ ಕಂಪ್ಯೂಟರಿಗೆ ಬೆಂಬಲ ಮುಗಿದರೇನು, ಬಿಟ್ಟರೇನು. ಬೇರೆಯವರ ಪೆನ್‌ಡ್ರೈವ್ ಮಾತ್ರ ಸಿಗಿಸಬೇಡಿ, ಅಥವಾ ಮೊದಲು ಮಿಂಟ್‌ನಲ್ಲಿ ತೆರೆದು ಬೇಕಾದ ಫೈಲನ್ನು ಮಾತ್ರ ತೆಗೆದುಕೊಳ್ಳಿ.

ಹೆಬ್ಬೆಟ್ಟು ಗುರುತು ತೆಗೆಯುವ ಬಯೋಮೆಟ್ರಿಕ್ ಯಂತ್ರವೋ, ಲೆಕ್ಕದ ಟ್ಯಾಲಿ ಪ್ರೋಗ್ರಾಮೋ, ಡಿಜಿಟಲ್ ಸಹಿಯ ಟೋಕನ್ನೋ ಇದ್ದರೆ ಲಿನಕ್ಸ್ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅಲ್ಲಿ ವಿಂಡೋಸ್ ಬೇಕು. 10ಕ್ಕೇ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್ಡೇಟ್ ಪಡೆಯುವ ಯೋಜನೆ ಇದೆ. 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ಪುಕ್ಕಟೆ. ಅಪ್ಡೇಟ್ ಪುಟದಲ್ಲೇ ನೋಂದಣಿ ಕಾಣಿಸುತ್ತದೆ. ಅಷ್ಟರಲ್ಲಿ ಆಫೀಸುಗಳು ಬಳಸಿ ಬಿಟ್ಟ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ಹುಡುಕಿ, ಹೊಸದಕ್ಕೆ ದುಡ್ಡು ಸುರಿಯಬೇಡಿ. ಮಾರುವವರು "ಐ5 ಸಾರ್" ಅಂತ ಅಷ್ಟೇ ಹೇಳುತ್ತಾರೆ, ತಲೆಮಾರು ಹೇಳಲ್ಲ. ಸಂಖ್ಯೆ ಕೇಳಿ. ಐ5-6500 ಅಂದರೆ 6ನೇದು, 11ಕ್ಕೆ ಆಗಲ್ಲ. ಐ5-8500 ಅಂದರೆ 8ನೇದು, ಆಗುತ್ತದೆ. ದುಡ್ಡು ಕೊಡುವ ಮೊದಲು ಅಲ್ಲೇ ವಿಂಡೋಸ್ ಕೀಲಿ ಜೊತೆ ಆರ್ ಒತ್ತಿ, ಟಿಪಿಎಂ ಡಾಟ್ ಎಂಎಸ್‌ಸಿ ಅಂತ ಹೊಡೆದು, ಆವೃತ್ತಿ 2.0 ತೋರಿಸುತ್ತಾ ನೋಡಿ. ಇಲ್ಲ ಅಂದರೆ ಬಯೋಸ್‌ನಲ್ಲಿ ಆಫ್ ಆಗಿರಬಹುದು, ಅವರ ಕೈಯಲ್ಲೇ ಆನ್ ಮಾಡಿಸಿ ಆಮೇಲೆ ಮನೆಗೆ ತನ್ನಿ.