ಪ್ರಶ್ನೋತ್ತರ: ದೇವರ ಪ್ರೀತಿ ಮನಸ್ಸಿಗೆ ತಾಗದಿದ್ದಾಗ

ಪ್ರಶ್ನೆ: ಕೆಲವು ತಿಂಗಳಿಂದ ಪ್ರಾರ್ಥನೆಗೆ ಕೂತರೆ ಮನಸ್ಸು ಒಣಗಿಹೋದಂತಿದೆ. ಮೊದಲಿದ್ದ ಸಂತೋಷವಿಲ್ಲ, ಕಣ್ಣೀರೂ ಬರುವುದಿಲ್ಲ. ದೇವರು ನನ್ನನ್ನು ಕೈಬಿಟ್ಟನೇ?

ಉತ್ತರ: ಇಲ್ಲ. ಆದರೆ ಅಷ್ಟು ಹೇಳಿದ ಮಾತ್ರಕ್ಕೆ ನಿಮಗೆ ಸಮಾಧಾನವಾಗದು. ದೇವರ ಪ್ರೀತಿ ಎಷ್ಟಿದೆ ಎಂದು ತಿಳಿಯಲು ನಾವು ನಮ್ಮ ಭಾವನೆಯನ್ನೇ ಅಳತೆಗೋಲು ಮಾಡಿಕೊಳ್ಳುತ್ತೇವೆ, ಎಡವುವುದು ಅಲ್ಲೇ. ರೋಮಾಪುರದವರಿಗೆ ಬರೆದ ಪತ್ರದ 5:8ರಲ್ಲಿ ಅಪೊಸ್ತಲನಾದ ಪೌಲನು ಕೊಡುವ ಅಳತೆಯೇ ಬೇರೆ: ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಪ್ರಾಣಕೊಟ್ಟನು. ಅದು ನಡೆದುಹೋದ ಸಂಗತಿ. ಇವತ್ತು ಬೆಳಿಗ್ಗೆ ನಿಮ್ಮ ಮನಸ್ಸು ಸಪ್ಪಗಿತ್ತು ಎಂಬ ಕಾರಣಕ್ಕೆ ಅದು ರದ್ದಾಗುವುದಿಲ್ಲ.

ಈಗ ಮಾಡಬಹುದಾದದ್ದು. ಸತ್ಯವೇದದ (ಬೈಬಲಿನ) 13ನೇ ಕೀರ್ತನೆಯನ್ನು ತೆಗೆಯಿರಿ. ಇರುವುದು ಆರೇ ವಚನ. ಮೊದಲೆರಡು ವಚನ ಬರೀ ದೂರು: ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂಬ ನೇರ ಪ್ರಶ್ನೆ. ಮುಂದಿನೆರಡು ಬೇಡಿಕೆ. ಕೊನೆಯೆರಡು ಭರವಸೆ. ಇದೇ ಕ್ರಮದಲ್ಲಿ ನಿಮ್ಮದೇ ಮಾತಿನಲ್ಲಿ ಪ್ರಾರ್ಥಿಸಿ, ಬೇಕಿದ್ದರೆ ಬರೆದಿಟ್ಟುಕೊಳ್ಳಿ. ಹೆಚ್ಚಿನವರು ದೂರನ್ನು ನುಂಗಿಕೊಂಡು ನೇರವಾಗಿ ಭರವಸೆಗೆ ಹಾರುತ್ತಾರೆ. ಬಾಯಲ್ಲಿ ಸ್ತೋತ್ರ, ಒಳಗೆ ಸಿಟ್ಟು. ಹೀಗಾದಾಗ ಪ್ರಾರ್ಥನೆ ಒಣಗದೆ ಇನ್ನೇನಾದೀತು? ಭರವಸೆಯ ಮಾತು ಬಾಯಿಗೆ ಬರದಿದ್ದರೆ ಬಲವಂತ ಬೇಡ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಸತ್ಯವೇದದಲ್ಲಿ ಪ್ರಾರ್ಥನೆಯೆಂದೇ ಇಟ್ಟಿದ್ದಾರೆ.

ನಿದ್ದೆ, ಊಟವನ್ನೂ ಗಮನಿಸಿ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಸಾಕಪ್ಪಾ ಎಂದು ಸಾವು ಬೇಡಿ ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇತ್ತು. ತಿಂದು ಮತ್ತೆ ಮಲಗಿದವನನ್ನು ಎರಡನೇ ಸಲವೂ ಹಾಗೆಯೇ ಉಣ್ಣಿಸಿದ. ಇಲ್ಲೇನು ಮಾಡುತ್ತಿದ್ದೀ ಎಂದು ದೇವರು ಕೇಳಿದ್ದು ಆಮೇಲೆ, 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ನಂತರ. ನಿದ್ದೆ, ಹಸಿವು, ಕೆಲಸದ ಆಸಕ್ತಿ ಎಲ್ಲವೂ ವಾರಗಟ್ಟಲೆ ಕುಸಿದಿದ್ದರೆ ಖಿನ್ನತೆಯಿರಬಹುದು. ವೈದ್ಯರ ಬಳಿ ಹೋಗಿ. ಹೋದರೆ ವಿಶ್ವಾಸ ಕಡಿಮೆಯೆಂದು ಅರ್ಥವಲ್ಲ.

ಪ್ರಶ್ನೆ: ದೇವರು ಲೋಕವನ್ನೆಲ್ಲಾ ಪ್ರೀತಿಸುತ್ತಾನೆ ಎಂದಮೇಲೆ ವಿಶ್ವಾಸಿಗಳಿಗೆ ಹೆಚ್ಚೇನು ಸಿಕ್ಕಿತು?

ಉತ್ತರ: ಬಿಸಿಲು, ಮಳೆ ಎಲ್ಲರಿಗೂ ಒಂದೇ (ಮತ್ತಾಯ 5:45). ಯೋಹಾನ 3:16 ಕೂಡ ಲೋಕದ ಮೇಲಿನ ಪ್ರೀತಿಯನ್ನೇ ಹೇಳುತ್ತದೆ. ವಿಶ್ವಾಸಿಗೆ ದೊರೆಯುವುದು ಮಗನ, ಮಗಳ ಸ್ಥಾನ: ಯೋಹಾನ 1:12, ರೋಮಾ 8:15. ಕೇಳದೆಯೇ ಸಿಗುವ ಉಪಕಾರಗಳ ಜೊತೆಗೆ, ‘ಅಪ್ಪಾ, ತಂದೆಯೇ’ ಎಂದು ಕರೆದು ಕೇಳುವ ಸಲಿಗೆ. ಇದು ಗಳಿಸಿದ ಬಹುಮಾನವಲ್ಲ, ಹಾಗಾಗಿ ಇತರರ ಮುಂದೆ ಬೀಗಲು ಇದರಲ್ಲಿ ಏನೂ ಇಲ್ಲ.

ಪ್ರಶ್ನೆ: ನನ್ನ ಆಜ್ಞೆಗಳನ್ನು ಕೈಕೊಂಡು ನಡೆದರೆ ನನ್ನ ಪ್ರೀತಿಯಲ್ಲಿ ನೆಲೆಗೊಂಡಿರುವಿರಿ ಎಂದು ಯೋಹಾನ 15:10ರಲ್ಲಿದೆ. ಅಂದರೆ ಪ್ರೀತಿಗೂ ಷರತ್ತು ಇದೆಯಲ್ಲವೇ?

ಉತ್ತರ: ಒಂದು ವಚನ ಹಿಂದಕ್ಕೆ ಹೋಗಿ ಓದಿ. ತಂದೆ ನನ್ನನ್ನು ಪ್ರೀತಿಸಿದಂತೆ ನಾನೂ ನಿಮ್ಮನ್ನು ಪ್ರೀತಿಸಿದ್ದೇನೆ ಎಂಬುದು 9ನೇ ವಚನ. ಪ್ರೀತಿಸಿ ಆಯಿತು, ಆಜ್ಞೆಯ ಮಾತು ಬರುವುದು ನಂತರ. ಯೇಸು ಇದನ್ನು ಹೇಳಿದ್ದು ಕೊನೆಯ ಊಟದ ರಾತ್ರಿ, ಇನ್ನು ಸ್ವಲ್ಪ ಹೊತ್ತಿಗೆ ತನ್ನನ್ನು ಬಿಟ್ಟು ಓಡಲಿದ್ದವರಿಗೆ, ಅವರು ಓಡುತ್ತಾರೆಂದು ತಿಳಿದೇ. ವಿಧೇಯತೆ ಆ ಪ್ರೀತಿಯನ್ನು ಹುಟ್ಟಿಸುವುದಿಲ್ಲ, ಅದರೊಳಗೆ ನಮ್ಮನ್ನು ಇರಿಸುತ್ತದೆ.

ಲೂಕ 15ರಲ್ಲಿ ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಿರಿಯ ಮಗ ತನ್ನ ಪಾಲಿನ ಆಸ್ತಿಯೊಂದಿಗೆ ಮನೆ ಬಿಟ್ಟುಹೋಗಿ ಎಲ್ಲವನ್ನೂ ಕಳೆದುಕೊಂಡಿದ್ದಾನೆ. ಹಂದಿ ಮೇಯಿಸುವ ಕಡೆ ಕೂತು ಅವನು ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಳ್ಳುತ್ತಾನೆ: ಪಾಪಮಾಡಿದ್ದೇನೆ, ಮಗನೆನಿಸಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ. 18, 19ನೇ ವಚನಗಳನ್ನು 21ರ ಪಕ್ಕದಲ್ಲಿಟ್ಟು ನೋಡಿ. ಮನೆಗೆ ಬಂದು ತಂದೆಯ ಮುಂದೆ ಮೊದಲಿನೆರಡು ಮಾತು ಹೇಳುತ್ತಾನೆ. ಕೂಲಿಯಾಳಿನ ಮಾತು ಬರುವುದೇ ಇಲ್ಲ. ಅಷ್ಟರಲ್ಲಿ ತಂದೆ ಆಳುಗಳ ಕಡೆ ತಿರುಗಿ ನಿಲುವಂಗಿ, ಉಂಗುರ, ಕಾಲಿಗೆ ಜೋಡು ತರಿಸುತ್ತಿದ್ದಾನೆ. ಇನ್ನು ಹಿರಿಯ ಮಗ. ಮನೆಯಲ್ಲೇ ಇದ್ದೂ ಇಷ್ಟು ವರ್ಷ ಆಳಿನಂತೆ ದುಡಿದೆ ಎಂದು ಲೆಕ್ಕ ಒಪ್ಪಿಸುವವನು ಅವನು. ಆಜ್ಞೆ ಮೀರದೆಯೂ ಪ್ರೀತಿಯ ರುಚಿ ಕಾಣದೆ ಇರಬಹುದು ಎಂಬುದಕ್ಕೆ ಅವನೇ ಸಾಕ್ಷಿ. ನಿಯಮಿತವಾಗಿ ಸಭೆಗೆ (ಚರ್ಚಿಗೆ) ಬರುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ ಎಂಬುದು ನಮ್ಮ ಗುಮಾನಿ.

ಪ್ರಶ್ನೆ: ನಮ್ಮವರೊಬ್ಬರು ಕಾಯಿಲೆ ಬಿದ್ದಿದ್ದಾರೆ. ಕರ್ತನು ಪ್ರೀತಿಸುವವನನ್ನೇ ಶಿಕ್ಷಿಸುತ್ತಾನೆ ಎಂದು ಕೆಲವರು ಹೇಳಿ ಹೋದರು. ಹೀಗೆ ಹೇಳುವುದು ಸರಿಯೇ?

ಉತ್ತರ: ವಚನ ಸರಿ, ಹೇಳಿದ ಜಾಗ ತಪ್ಪು. ಇಬ್ರಿಯರಿಗೆ 12:6 ಹಿಂಸೆಯ ನಡುವೆ ಸೋತಿದ್ದ ಸಭೆಗೆ ಬರೆದದ್ದು. ಮಕ್ಕಳನ್ನು ತಿದ್ದುವ ತಂದೆಯ ವಿಷಯ ಅಲ್ಲಿದೆ. ಇಂತಿಂಥವರ ಕಾಯಿಲೆಗೆ ಇಂಥದೇ ಕಾರಣ ಎಂದು ತೀರ್ಪು ಕೊಡುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ. ಹುಟ್ಟುಕುರುಡನನ್ನು ಕಂಡು ಯಾರ ಪಾಪದಿಂದ ಹೀಗಾಯಿತು ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದು ಯೇಸು ಆ ವಿಚಾರಣೆಯನ್ನೇ ನಿಲ್ಲಿಸಿದನು (ಯೋಹಾನ 9:3). ಲಾಜರನೆಂಬ ಗೆಳೆಯನನ್ನು ಯೇಸು ಪ್ರೀತಿಸುತ್ತಿದ್ದನೆಂದು ಯೋಹಾನ 11:5ರಲ್ಲಿದೆ. ಆದರೂ ಲಾಜರ ಕಾಯಿಲೆ ಬಿದ್ದ, ಸತ್ತ.

ರೋಗಿಯ ಬಳಿ ಹೋದಾಗ ಮೊದಲು ಅವರ ಮಾತು ಕೇಳಿ. ಓದಲು ಒಪ್ಪಿದರೆ 23ನೇ ಕೀರ್ತನೆ ಅಥವಾ ರೋಮಾ 8:35ರಿಂದ 39, ಅಷ್ಟು ಸಾಕು. ಪ್ರಾರ್ಥನೆ ಚಿಕ್ಕದಿರಲಿ.

ಪ್ರಶ್ನೆ: ಅದೇ ಪಾಪಕ್ಕೆ ಮತ್ತೆ ಮತ್ತೆ ಬೀಳುತ್ತಿದ್ದೇನೆ. ಇನ್ನೂ ಕ್ಷಮೆ ಕೇಳಲು ಮುಖವಿಲ್ಲ.

ಉತ್ತರ: ಮುಖವಿಲ್ಲದವರಿಗಾಗಿಯೇ 1 ಯೋಹಾನ 1:9 ಇರುವುದು: ಪಾಪಗಳನ್ನು ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ. ಆದರೆ ‘ನನ್ನ ಪಾಪಗಳನ್ನೆಲ್ಲಾ ಕ್ಷಮಿಸು’ ಎಂದು ಒಟ್ಟಾರೆ ಹೇಳಿ ಏಳಬೇಡಿ. ಮಾಡಿದ್ದನ್ನು ಹೆಸರಿಟ್ಟು ಹೇಳಿ. ಇನ್ನೊಬ್ಬರಿಗೆ ನಷ್ಟವಾಗಿದ್ದರೆ ತುಂಬಿಕೊಡಿ. ಸುಂಕ ವಸೂಲಿಯ ಜಕ್ಕಾಯನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡಲು ಮುಂದಾದನು. ಗುಟ್ಟು ಕಾಪಾಡುವ ಒಬ್ಬ ಹಿರಿಯ ವಿಶ್ವಾಸಿಗೆ ವಿಷಯ ತಿಳಿಸಿ, ಯಾವ ಹೊತ್ತಿನಲ್ಲಿ, ಯಾವ ಸಂದರ್ಭದಲ್ಲಿ ಬೀಳುತ್ತೀರಿ ಎಂಬುದನ್ನೂ ಸೇರಿಸಿ. ಬಿದ್ದ ವಾರ ನಾಚಿಕೆಯಿಂದ ಸಭೆ ತಪ್ಪಿಸಿಕೊಂಡರೆ ಮುಂದಿನ ಸಲ ಬೀಳುವುದು ಇನ್ನೂ ಸುಲಭ. ತನ್ನನ್ನು ಮೂರು ಸಲ ಅರಿಯೆನೆಂದ ಶಿಷ್ಯ ಪೇತ್ರನನ್ನು ಯೇಸು ಮೂರು ಸಲ ಕೇಳಿದ್ದು ನನ್ನನ್ನು ಪ್ರೀತಿಸುತ್ತೀಯೋ ಎಂದು. ಪ್ರತಿ ಉತ್ತರಕ್ಕೂ ತನ್ನ ಕುರಿಗಳನ್ನು ನೋಡಿಕೊಳ್ಳುವ ಕೆಲಸ ಒಪ್ಪಿಸಿದನು.