ಚಡ್ಡಿ ಉಳಿಸಿ, ಗೆರೆ ಅಳಿಸಿ: ಸೂಪರ್‌ಹೀರೋ ವೇಷ ಬದಲಿಸುವ ಹುಡುಗರಿಗೆ

ಡೊಂಬಿವಲಿಯ ಹುಡುಗರೇ, ನಿಮ್ಮ ಪ್ರಶ್ನೆಗೆ ಈ ಗುಂಪಿನಲ್ಲಿ ಬಂದ ಉತ್ತರಗಳಲ್ಲಿ ಅರ್ಧ "ಹಳೇದನ್ನ ಮುಟ್ಟಬೇಡಿ" ಅನ್ನುತ್ತವೆ, ಇನ್ನರ್ಧ "ಪ್ಯಾಂಟಿನ ಮೇಲೆ ಚಡ್ಡಿ ಹಾಕಿದ್ರೆ ಜನ ನಗ್ತಾರೆ" ಅನ್ನುತ್ತವೆ. ಎರಡನ್ನೂ ಓದಿ ಬಟ್ಟೆಗೆ ಕತ್ತರಿ ಹಾಕೋಕಾಗಲ್ಲ. ನೀವು ಕೇಳಿದ್ದು ಇಷ್ಟು: ಕಾಮಿಕ್ಸ್ ಅಭಿಮಾನಿಗಳ ಮೇಳವಾದ ಮುಂಬಯಿ ಕಾಮಿಕ್ ಕಾನ್‌ಗೆ ಒಂದು ಸೂಪರ್‌ಮ್ಯಾನ್ ವೇಷ, ಒಂದು ಪವಿತ್ರ್ ಪ್ರಭಾಕರ್ ಅನ್ನೋ ಭಾರತದ ಸ್ಪೈಡರ್‌ಮ್ಯಾನ್ ವೇಷ ಮಾಡಬೇಕು. ಸೂಪರ್‌ಮ್ಯಾನ್‌ನ ವೇಷವನ್ನ ನೀವೇ ಬದಲಿಸಿದ್ದೀರಿ: ಕಡುನೀಲಿ ಮೈ, ಚಡ್ಡಿ ಇಲ್ಲ, ಕಪ್ಪು ಲಾಂಛನ, ಮೈತುಂಬ ಕವಚದಂಥ ಗೆರೆಗಳು, ಬೆನ್ನಿಗೆ ಇಳಿಬಿಡೋ ಕೇಪ್‌ನ ಅಂಚಿಗೆ ವಾರ್ಲಿ ಜನಪದ ಚಿತ್ರ. ಹಳೇ ಓದುಗರು ಬೈತಾರಾ, ಎಷ್ಟು ಬಟ್ಟೆ ಬೇಕು?

ಬೈತಾರೆ. ಆದರೆ ನೀವು ಹೆದರಿರೋ ವಾರ್ಲಿಗಲ್ಲ, ಉಳಿದ ನಾಲ್ಕಕ್ಕೆ.

ಕಾಮಿಕ್ಸ್ ಓದೋರು ವೇಷವನ್ನ ದೂರದಿಂದ ಗುರುತಿಸೋದು ಮೂರರಿಂದ: ಮೈಯ ಹೊರರೇಖೆ, ದೊಡ್ಡ ಬಣ್ಣಗಳು ಕೂತಿರೋ ಜಾಗ, ಎದೆ ಮೇಲಿನ ಗುರುತು. ಇವುಗಳಲ್ಲಿ ಎರಡು ಉಳಿದಿದ್ದರೆ ಮೂರನೇದನ್ನ ಹೇಗೆ ತಿರುಗಿಸಿದರೂ ಒಪ್ಪುತ್ತಾರೆ. ನಿಮ್ಮ ಚಿತ್ರದಲ್ಲಿ ಬಣ್ಣ, ಗುರುತು ಎರಡೂ ಹೋಗಿವೆ, ಕೇಪ್ ಒಂದೇ ಉಳಿದಿದೆ. ಕೇಪ್ ಹಾಕೋರು ಹತ್ತಾರು ಜನ ಇದ್ದಾರೆ.

ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿ ಅವನು ಮೊದಲು ಬಂದ 1938ರ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯಿಂದ ಇದೆ. ಆಗಿನ ಸರ್ಕಸ್ ಪೈಲ್ವಾನರು ಬಿಗಿ ಉಡುಪಿನ ಮೇಲೆ ಹಾಗೇ ಹಾಕುತ್ತಿದ್ದರು. 2011ರಲ್ಲಿ ಅವನ ಕಥೆ ಪ್ರಕಟಿಸೋ ಡಿಸಿ ಕಂಪನಿ ತನ್ನ ಎಲ್ಲ ಸರಣಿಗಳನ್ನ ಹೊಸದಾಗಿ ಶುರು ಮಾಡಿದಾಗ ಚಡ್ಡಿ ತೆಗೆದು, ನಿಲುವು ಕಾಲರ್ ಇಟ್ಟು, ಮೈಮೇಲೆ ಕವಚದ ಗೆರೆ ಎಳೆದರು. ಏಳು ವರ್ಷ ಗೊಣಗಾಟ ನಡೆಯಿತು. 2018ರಲ್ಲಿ ಆಕ್ಷನ್ ಕಾಮಿಕ್ಸ್‌ನ 1000ನೇ ಸಂಚಿಕೆಗೆ ಚಡ್ಡಿ ವಾಪಸ್ ಬಂತು. ಸಿನಿಮಾದಲ್ಲೂ ಹಾಗೇ: 2013ರಲ್ಲಿ ಇರಲಿಲ್ಲ, 2025ರಲ್ಲಿ ಇದೆ. ಇದನ್ನ ಬರೀ ಹಳೇ ನೆನಪಿನ ಮೋಹ ಅಂದುಕೊಳ್ಳಬೇಡಿ. ಕತ್ತಿನಿಂದ ಪಾದದವರೆಗೆ ಒಂದೇ ನೀಲಿ ಇದ್ದರೆ ಕಣ್ಣಿಗೆ ನಿಲ್ಲೋಕೆ ಜಾಗ ಇಲ್ಲ, ಮುಂಡ ಎಲ್ಲಿ ಮುಗಿದು ಕಾಲು ಎಲ್ಲಿ ಶುರುವಾಯಿತು ಅಂತ ಗೊತ್ತಾಗಲ್ಲ. ಚಡ್ಡಿ ಆ ನೀಲಿಯನ್ನ ಎರಡಾಗಿ ಕತ್ತರಿಸುತ್ತೆ. ಅದನ್ನ ತೆಗೆದವರು ಆ ಕೆಲಸವನ್ನ ಗೆರೆಗಳಿಂದ ಮಾಡಿಸೋಕೆ ಹೋದರು. ಗೆರೆ ಹತ್ತಿರದಿಂದ ಚೆಂದ, ಹತ್ತು ಅಡಿ ದೂರದಲ್ಲಿ ಮಾಯ.

ಹೊಸದು ಅಂದ ತಕ್ಷಣ ಅಭಿಮಾನಿಗಳು ಉರಿದುಬೀಳ್ತಾರೆ ಅನ್ನೋ ಮಾತೂ ಪೂರ್ತಿ ನಿಜ ಅಲ್ಲ. ಸ್ಪೈಡರ್‌ಮ್ಯಾನ್‌ನ ಕಪ್ಪು ಉಡುಪಿನ ಮೂಲ ಕಲ್ಪನೆಯನ್ನ 1982ರಲ್ಲಿ ಅವನ ಪ್ರಕಾಶಕರಾದ ಮಾರ್ವೆಲ್‌ಗೆ ಬರೆದು ಕಳಿಸಿದ್ದೇ ಒಬ್ಬ ಓದುಗ, ಕಂಪನಿ 220 ಡಾಲರ್ ಕೊಟ್ಟು ಅದನ್ನ ಕೊಂಡಿತು. 1984ರಲ್ಲಿ ಅದು ಬಂದಾಗ ಬೇಡ ಅಂದವರೂ ಇದ್ದರು. ಆದರೆ ಉಡುಪೇ ಒಂದು ಜೀವಿ ಅಂತ ಕಥೆ ಕಾರಣ ಕೊಟ್ಟಿತು, 1988ರಲ್ಲಿ ಅದರಿಂದಲೇ ವೆನಮ್ ಅನ್ನೋ ಖಳ ಹುಟ್ಟಿದ. ಬಣ್ಣ ಹೋದರೂ ಹೊರರೇಖೆ, ಕಣ್ಣು ಹಾಗೇ ಉಳಿದಿದ್ದವು, ಎದೆಯ ಜೇಡ ಇನ್ನೂ ದೊಡ್ಡದಾಗಿತ್ತು. ಮೂರರಲ್ಲಿ ಎರಡರ ಲೆಕ್ಕ ಸರಿಹೋಯಿತು. 2014ರ ಹೊಸ ವೇಷದ ಬ್ಯಾಟ್‌ಗರ್ಲ್ ಅಂತೂ ಬಂದ ಕೂಡಲೇ ಮನಸ್ಸು ಗೆದ್ದಳು: ಚರ್ಮದ ಜಾಕೆಟ್, ಹಳದಿ ಬೂಟು, ಬಟನ್ ಒತ್ತಿ ಬಿಚ್ಚೋ ಕೇಪ್. ಅಂಗಡಿಯಲ್ಲಿ ಸಿಗೋ ಬಟ್ಟೆಯಿಂದ ಮನೆಯಲ್ಲೇ ಮಾಡಬಹುದು ಅಂತ ನೋಡಿದ ತಕ್ಷಣ ತಿಳಿಯುತ್ತಿತ್ತು. 2012ರಲ್ಲಿ ಕ್ಯಾಪ್ಟನ್ ಮಾರ್ವೆಲ್‌ಗೆ ಈಜುಡುಗೆ ಹೋಗಿ ಪೈಲಟ್ ಉಡುಪು ಬಂದಾಗಲೂ ಹಾಗೇ, ಅವಳು ವಾಯುಪಡೆಯವಳು, ಕಾರಣ ಉಡುಪಿನಲ್ಲೇ ಇತ್ತು. ಎದುರು ಉದಾಹರಣೆ ಬೇಕಾದರೆ 2010ರ ವಂಡರ್ ವುಮನ್: ಪ್ಯಾಂಟು, ಜಾಕೆಟ್. ಉಡುಪು ಸಭ್ಯವಾಗಿಯೇ ಇತ್ತು, ಆದರೆ ಅವಳ ಕುಣಿಕೆ ಹಗ್ಗ (ಲಾಸ್ಸೋ) ಪಕ್ಕಕ್ಕಿಟ್ಟರೆ ಯಾರು ಅಂತ ಹೇಳೋದು ಕಷ್ಟ. ಮರುವರ್ಷವೇ ಹೋಯಿತು.

ಈ ಗುಂಪಿನ ಹಿರಿಯರು ಹಳೇ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಬರುತ್ತಿದ್ದ ಮುಸುಕಿನ ವೀರ ಫ್ಯಾಂಟಮ್‌ನ ಮಾತು ಎತ್ತಿದ್ದಾರೆ, ಅದಕ್ಕೂ ಒಂದು ಮಾತು. ಅವನನ್ನ ಸೃಷ್ಟಿಸಿದ ಕಥೆಗಾರ ಲೀ ಫಾಕ್ ಮನಸ್ಸಲ್ಲಿ ಆ ಉಡುಪಿಗೆ ಇದ್ದದ್ದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂದಾಗ ಅದು ನೇರಳೆ ಆಯಿತು. ಸ್ವೀಡನ್ನಿನಲ್ಲಿ ನೀಲಿ, ಇಟಲಿಯಲ್ಲೂ ಬ್ರೆಜಿಲ್‌ನಲ್ಲೂ ಕೆಂಪು. ಆದರೂ ಎಲ್ಲ ಕಡೆಯವರೂ ಗುರುತಿಸುತ್ತಾರೆ, ಯಾಕೆಂದರೆ ಮುಸುಕು, ಪಟ್ಟೆ ಚಡ್ಡಿ, ತಲೆಬುರುಡೆಯ ಗುರುತು ಎಲ್ಲಿಯೂ ಬದಲಾಗಲಿಲ್ಲ. ಚಿಕ್ಕಂದಿನಲ್ಲಿ ಯಾವ ಬಣ್ಣದ್ದು ಕೈಗೆ ಸಿಕ್ಕಿತೋ ಅದೇ ಸರಿ ಅಂತ ವಾದಿಸೋದು ಬೇರೆ ಮಾತು, ಅದಕ್ಕೆ ಯಾವ ದರ್ಜಿಯ ಹತ್ತಿರವೂ ಮದ್ದಿಲ್ಲ.

ಆದ್ದರಿಂದ ಬದಲಾವಣೆ ಹೀಗಿರಲಿ. ನೀಲಿ ಸ್ವಲ್ಪ ಗಾಢವಾಗಿರಲಿ, ಆದರೆ ಕಪ್ಪಿಗೆ ಹತ್ತಿರ ಬೇಡ; ಸಭಾಂಗಣದ ದೀಪದ ಕೆಳಗೆ ಕಡುನೀಲಿ ಲೈಕ್ರಾ (ಮೈಗಂಟುವ, ಎಳೆಯುವ ಬಟ್ಟೆ) ಫೋಟೋದಲ್ಲಿ ಕಪ್ಪೇ ಆಗುತ್ತೆ. ಲಾಂಛನ ಕೆಂಪು-ಹಳದಿ, ಚಡ್ಡಿ ಇರಲಿ, ಕವಚದ ಗೆರೆ ಪೂರ್ತಿ ಅಳಿಸಿ. ಹೊಸತನವೆಲ್ಲ ಕೇಪ್ ಮೇಲೆ ಹೋಗಲಿ. ವಾರ್ಲಿ ಬಿಳಿ ಗೆರೆಯ ಚಿತ್ರ, ಕೆಂಪು ಬಟ್ಟೆ ಮೇಲೆ ತಾನಾಗಿ ಎದ್ದು ಕಾಣುತ್ತೆ, ಠಾಣೆ-ಪಾಲ್ಘರ್ ಸೀಮೆಯದೇ ಕಲೆ, ನೀವು ಡೊಂಬಿವಲಿಯವರು. ಕಾರಣ ಕೇಳಿದವರಿಗೆ ಉತ್ತರ ಕೇಪ್ ಮೇಲೇ ಇದೆ. ಕಾಗದದ ಮೇಲೆ ಬರೆದು, ಫೋನಿನಲ್ಲಿ ಫೋಟೋ ತೆಗೆದು, ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಸೂಪರ್‌ಮ್ಯಾನ್ ಅನ್ನಿಸಿದರೆ ಬಟ್ಟೆಗೆ ಹೋಗಿ.

ಚಡ್ಡಿ ಪರವಾಗಿ ಇನ್ನೊಂದು ಕಾರಣ ಇದೆ, ಅದು ದರ್ಜಿಯದು. ಚಡ್ಡಿ, ಬೆಲ್ಟ್ ಇದ್ದರೆ ಉಡುಪನ್ನ ಮೇಲೊಂದು ಕೆಳಗೊಂದು ಎರಡು ತುಂಡಾಗಿ ಹೊಲಿಯಬಹುದು, ಸೇರುವ ಜಾಗ ಬೆಲ್ಟಿನ ಕೆಳಗೆ ಮುಚ್ಚಿಹೋಗುತ್ತೆ. ಒಂದೇ ತುಂಡಿನ ಉಡುಪಿನಲ್ಲಿ ಬೆನ್ನಿಗೆ 55–60 ಸೆಂ.ಮೀ. ಜಿಪ್ ಬೇಕು, ಎಳೆಯುವ ಬಟ್ಟೆಗೆ ಜಿಪ್ ಹಾಕಿದರೆ ಅದು ಹಾವಿನಂತೆ ಅಲೆಯಾಗುತ್ತೆ, ಜೊತೆಗೆ ಬಾತ್‌ರೂಮಿಗೆ ಹೋಗಬೇಕಾದರೆ ಕೇಪ್‌ನಿಂದ ಹಿಡಿದು ಎಲ್ಲ ಬಿಚ್ಚಬೇಕು. ಎರಡು ತುಂಡಿನದಾದರೆ ಈ ಯಾವ ಕಷ್ಟವೂ ಇಲ್ಲ. ಮೇಲಿನ ತುಂಡು ಸೊಂಟದಿಂದ 15 ಸೆಂ.ಮೀ. ಕೆಳಗೆ ಬರುವಷ್ಟು ಉದ್ದ ಇರಲಿ, ಇಲ್ಲದಿದ್ದರೆ ಕೈ ಎತ್ತಿ ಹಾರುವ ಭಂಗಿಯಲ್ಲಿ ಹೊಟ್ಟೆ ಕಾಣುತ್ತೆ.

ಬಟ್ಟೆ: ನಾಲ್ಕೂ ಕಡೆ ಎಳೆಯುವ ನೈಲಾನ್ ಲೈಕ್ರಾ, ನೂರಕ್ಕೆ ನೈಲಾನ್ 80, ಎಳೆಯುವ ನೂಲಾದ ಸ್ಪ್ಯಾಂಡೆಕ್ಸ್ 20ರ ಆಸುಪಾಸು, 200–220 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ಹೊಳಪಿಲ್ಲದ್ದು. 180ಕ್ಕಿಂತ ತೆಳುವಾದರೆ ಒಳಉಡುಪಿನ ಗೆರೆ ಕಾಣುತ್ತೆ, 250 ದಾಟಿದರೆ ಮುಂಬಯಿ ಸೆಕೆಯಲ್ಲಿ ಬೆಂದುಹೋಗ್ತೀರಿ. 5 ಅಡಿ 8 ಇಂಚಿನ ಹುಡುಗನಿಗೆ 58–60 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ನೀಲಿ ಎರಡೂಮುಕ್ಕಾಲು ಮೀಟರ್, ಚಡ್ಡಿಗೂ ಬೂಟಿನ ಹೊದಿಕೆಗೂ ಕೆಂಪು ಒಂದೂಕಾಲು, ಹಳದಿ ಕಾಲು ಮೀಟರ್. ಅಂಗಡಿಯಲ್ಲೇ ಪರೀಕ್ಷೆ ಮಾಡಿ: 10 ಸೆಂ.ಮೀ. ಗುರುತು ಹಾಕಿ ಎಳೆದರೆ 15ಕ್ಕೆ ಸಲೀಸಾಗಿ ಬರಬೇಕು, ಬಿಟ್ಟರೆ 10ಕ್ಕೇ ಮರಳಬೇಕು. ಹನ್ನೊಂದಕ್ಕೆ ನಿಂತರೆ ಆ ಬಟ್ಟೆ ಬೇಡ, ಮಧ್ಯಾಹ್ನದ ಹೊತ್ತಿಗೆ ಮಂಡಿ ಜೋತುಬೀಳುತ್ತೆ. ಕೆಂಪು ತುಂಡನ್ನ ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಬೆವರಿಗೆ ಹಳದಿ ಲಾಂಛನವೆಲ್ಲ ಕಿತ್ತಳೆ ಆಗುತ್ತೆ. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಮಂಗಲದಾಸ್ ಮಾರ್ಕೆಟ್ ಅಥವಾ ದಾದರ್‌ನ ಹಿಂದ್‌ಮಾತಾದಲ್ಲಿ ಕೇಳಿ. ಬರೀ "ಲೈಕ್ರಾ" ಅಂದರೆ ಲೆಗ್ಗಿಂಗ್ಸಿನ ಹತ್ತಿ ಲೈಕ್ರಾ ಕೊಡ್ತಾರೆ, "ಈಜುಡುಗೆಯದು, ಡ್ಯಾನ್ಸ್ ಕಾಸ್ಟ್ಯೂಮಿನದು" ಅಂತ ಬಿಡಿಸಿ ಹೇಳಿ.

ಮೈ ಅಳತೆಗಿಂತ ಅಗಲದಲ್ಲಿ ನೂರಕ್ಕೆ 10, ಉದ್ದದಲ್ಲಿ ನೂರಕ್ಕೆ 3–5 ಕಡಿಮೆ ಕತ್ತರಿಸಿ. ಎದೆ 92 ಸೆಂ.ಮೀ. ಆದರೆ ಬಟ್ಟೆ 83. ಹೆಚ್ಚು ಎಳೆಯುವ ದಿಕ್ಕು ಮೈ ಸುತ್ತ ಬರಬೇಕು. ಸೂಜಿ ಸ್ಟ್ರೆಚ್ 11ನೇ ನಂಬರ್, ಮಾಮೂಲಿ ಮೊನೆಯ ಸೂಜಿ ಲೈಕ್ರಾದಲ್ಲಿ ಹೊಲಿಗೆ ಬಿಟ್ಟುಬಿಟ್ಟು ಹೋಗುತ್ತೆ. ದಾರ ಪಾಲಿಯೆಸ್ಟರ್. ಝಿಗ್‌ಝ್ಯಾಗ್ ಅಗಲ ಅರ್ಧದಿಂದ ಒಂದು ಮಿ.ಮೀ., ಉದ್ದ ಎರಡೂವರೆ. ನೆಟ್ಟಗಿನ ಹೊಲಿಗೆ ಹಾಕಿದರೆ ಮೊದಲ ಸಲ ಕುಕ್ಕರಗಾಲಲ್ಲಿ ಕೂತಾಗಲೇ ಪಟಪಟ ಅನ್ನುತ್ತೆ. ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕೋ ಮೊದಲು ಹಾಕಿಕೊಂಡು ಕೂತು ಎದ್ದು ನೋಡಿ.

ಲಾಂಛನದಲ್ಲಿ ಕೆಡೋದೇ ಹೆಚ್ಚು. ಫೋಮ್ ಕತ್ತರಿಸಿ ಲೈಕ್ರಾ ಮೇಲೆ ಅಂಟಿಸಿದರೆ ಆ ಜಾಗ ಎಳೆಯಲ್ಲ, ಸುತ್ತಲಿನದು ಎಳೆಯುತ್ತೆ, ಅಂಚಿನಲ್ಲೆಲ್ಲ ಸುಕ್ಕು ಸೂರ್ಯನ ಕಿರಣದ ಹಾಗೆ ಹರಡುತ್ತೆ. ಲೈಕ್ರಾದಲ್ಲೇ ಕತ್ತರಿಸಿ, ಎಳೆಯುವ ದಿಕ್ಕನ್ನ ಎದೆಯ ಬಟ್ಟೆಗೆ ಹೊಂದಿಸಿ, ಅಂಚಿಗೆ ಒತ್ತಾಗಿ ಝಿಗ್‌ಝ್ಯಾಗ್ ಹೊಡೆಯಿರಿ. ಜಾಗದ ಗುರುತನ್ನ ಹುಡುಗ ಉಡುಪು ಹಾಕಿಕೊಂಡಾಗಲೇ ಸೀಮೆಸುಣ್ಣದಿಂದ ಹಾಕಿ. ಮೇಜಿನ ಮೇಲಿಟ್ಟು ಗುರುತು ಹಾಕಿದರೆ ಮೈಮೇಲೆ ಬಂದಾಗ ಲಾಂಛನ ಹೊಟ್ಟೆ ಕಡೆ ಜಾರಿರುತ್ತೆ, ಅಗಲವೂ ಆಗಿರುತ್ತೆ. ಮೇಲಿನ ಅಂಚು ಕೊರಳೆಲುಬಿನಿಂದ ಮೂರು ಬೆರಳು ಕೆಳಗೆ, ಅಗಲ ಎರಡು ಕಂಕುಳ ನಡುವಿನ ದೂರದ ಮುಕ್ಕಾಲು ಭಾಗ. ಇದಕ್ಕಿಂತ ಚಿಕ್ಕದಾದರೆ ಶಾಲಾ ಬ್ಯಾಡ್ಜ್ ಅನ್ನಿಸುತ್ತೆ.

ಚಡ್ಡಿ ಬೇರೆಯಾಗಿ ಹೊಲಿದು, ಸೊಂಟಕ್ಕೂ ಕಾಲಿಗೂ 8 ಮಿ.ಮೀ. ಎಲಾಸ್ಟಿಕ್ ಹಾಕಿ. ನಡೆದಂತೆ ಮೇಲೇರಿ ಬರುತ್ತೆ, ಅದಕ್ಕೆ ಕೆಳತುಂಡಿಗೆ ಸೊಂಟದ ನಾಲ್ಕು ಕಡೆ ಕೈಹೊಲಿಗೆ ಹಾಕಿ ಹಿಡಿಸಿ. ಬೆಲ್ಟಿಗೆ 5 ಮಿ.ಮೀ. ಇವಿಎ ಫೋಮ್ (ಚಪ್ಪಲಿಗೆ ಬಳಸೋ ಮೆದು ಹಾಳೆ) ಸಾಕು. ಚಪ್ಪಲಿ ತಯಾರಿಕೆಯ ಸಾಮಾನು ಸಿಗೋ ಕುರ್ಲಾ ಕಡೆಯ ಠಕ್ಕರ್ ಬಾಪಾ ಕಾಲೊನಿಯಲ್ಲಿ ಇವಿಎ ಹಾಳೆ, ಅಂಟು ಎರಡೂ ಕೇಳಿ. ಚಪ್ಪಲಿಯವರ ಅಂಟನ್ನ ಎರಡೂ ಮುಖಕ್ಕೆ ತೆಳುವಾಗಿ ಬಳಿದು, 10–15 ನಿಮಿಷ ಬಿಟ್ಟು, ಬೆರಳಿಗೆ ಹತ್ತದ ಹದಕ್ಕೆ ಬಂದ ಮೇಲೆ ಒತ್ತಿ. ಹಸಿಯಲ್ಲೇ ಒತ್ತಿದರೆ ಸಂಜೆಯೊಳಗೆ ಬಿಚ್ಚಿಕೊಳ್ಳುತ್ತೆ. ಆ ಹಬೆಗೆ ಬೆಂಕಿ ಹತ್ತುತ್ತೆ, ಅಡುಗೆಮನೆಯಲ್ಲಿ ಬೇಡವೇ ಬೇಡ, ಕಿಟಕಿ ತೆರೆದ ಗ್ಯಾಲರಿಯಲ್ಲಿ ಮಾಡಿ.

ಕೇಪ್‌ಗೆ ಸ್ಯಾಟಿನ್ ತರಬೇಡಿ, ಫ್ಲ್ಯಾಷ್ ಬಿದ್ದರೆ ಮದುವೆ ಮಂಟಪದ ಪರದೆ. ಜಾರ್ಜೆಟ್ ಫ್ಯಾನಿನ ಗಾಳಿಗೆ ಮುಖಕ್ಕೆ ಬಡಿಯುತ್ತೆ. ಹೊಳಪಿಲ್ಲದ ಪಾಲಿಯೆಸ್ಟರ್ ಕ್ರೇಪ್ ಅಥವಾ ತೆಳು ಟ್ವಿಲ್, 150–200 ಜಿಎಸ್ಎಂ, 58 ಇಂಚು ಪನ್ನ, ಎರಡೂಮುಕ್ಕಾಲು ಮೀಟರ್. ಲೆಕ್ಕ ಹೀಗೆ: ಅರ್ಧ ವೃತ್ತ, ಕುತ್ತಿಗೆಗೆ 13 ಸೆಂ.ಮೀ. ತ್ರಿಜ್ಯ, ಅಲ್ಲಿಂದ ಮೀನಖಂಡದವರೆಗೆ 120, ಒಟ್ಟು 133. ವ್ಯಾಸ 266, ಒಂದೇ ತುಂಡಿನಲ್ಲಿ ಬರುತ್ತೆ, ನಡುವೆ ಜೋಡಣೆ ಇಲ್ಲ. ಕತ್ತರಿಸಿ ಒಂದು ರಾತ್ರಿ ನೇತುಹಾಕಿ. ಓರೆ ನೇಯ್ಗೆಯ ಭಾಗ ಇಳಿಯುತ್ತೆ, ಆಮೇಲೆ ಅಂಚು ಸಮ ಮಾಡಿ ಮಡಚಿ. ವಾರ್ಲಿ ಪಟ್ಟಿ ಅಂಚಿನಿಂದ 12 ಸೆಂ.ಮೀ. ಎತ್ತರದೊಳಗೆ ಮುಗಿಯಲಿ. ಬಟ್ಟೆಯ ಬಣ್ಣಕ್ಕೆ ಮೀಡಿಯಮ್ (ಬಣ್ಣ ತೆಳು ಮಾಡೋ ದ್ರವ) ಬೆರೆಸಿ ತೆಳುವಾಗಿ ಹಚ್ಚಿ, ಒಂದು ದಿನ ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಮಾಡಿ. ಪಾಲಿಯೆಸ್ಟರ್ ಆದ್ದರಿಂದ ಶಾಖ ಮಧ್ಯಮ, ಮೇಲೊಂದು ಹತ್ತಿ ಬಟ್ಟೆ. ದಪ್ಪಗೆ ಹಚ್ಚಿದರೆ ಅಂಚು ರಟ್ಟಿನಂತೆ ನಿಂತು ಕೇಪ್ ಬೀಳೋದೇ ಇಲ್ಲ.

ಕೇಪನ್ನ ಕತ್ತಿಗೆ ಕಟ್ಟಬೇಡಿ. ಉಡುಪಿನ ಒಳಗೆ ಭುಜದಿಂದ ಕಂಕುಳಿಗೆ ಒಂದೊಂದು ಹತ್ತಿ ಪಟ್ಟಿ ಕೊಟ್ಟು, ಅದಕ್ಕೆ ಭುಜಕ್ಕೆ ಮೂರರಂತೆ ಟಿಚ್ ಬಟನ್ ಹಾಕಿ. ಬ್ಯಾಟ್‌ಗರ್ಲ್ ಕೇಪ್‌ನ ಉಪಾಯವೇ ಇದು. ಯಾರಾದರೂ ತುಳಿದರೆ ಬಟನ್ ಬಿಚ್ಚುತ್ತೆ, ಕುತ್ತಿಗೆ ಬಿಗಿಯಲ್ಲ. ಲೋಕಲ್ ರೈಲಿನಲ್ಲಿ ಹೋಗುವಾಗ ಕೇಪ್ ಚೀಲದಲ್ಲೇ ಇರಲಿ.

ಪವಿತ್ರ್ ಬಗ್ಗೆ ಹೆದರಿಕೆ ಬೇಡ. 2004ರಲ್ಲಿ ಬಂದ ಈ ಮುಂಬಯಿ ಹುಡುಗನ ಧೋತ್ರವನ್ನ ಆಗ ಕೆಲವರು ಆಡಿಕೊಂಡರೂ, 2023ರ ಸಿನಿಮಾಕ್ಕೆ ಅದೇ ಧೋತ್ರವನ್ನ ಗಿಡ್ಡ ಮಾಡಿ, ಕೂದಲು ಮುಖವಾಡದ ಹೊರಗೆ ಬಿಟ್ಟು, ಕೈಗೆ ಕಡಗ ಕೊಟ್ಟಾಗ ಎಲ್ಲರೂ ಮೆಚ್ಚಿದರು. ಅದನ್ನೇ ಮಾಡಿ. ಬಲೆಯ ಗೆರೆ ಪ್ರಿಂಟ್ ಮಾಡಿಸೋದಾದರೆ ಪಾಲಿಯೆಸ್ಟರ್ ಲೈಕ್ರಾ ಕೊಡಿ, ನೈಲಾನ್ ಮೇಲೆ ಸಬ್ಲಿಮೇಶನ್ (ಶಾಖದಿಂದ ಬಣ್ಣ ಇಳಿಸೋ ಮುದ್ರಣ) ಸರಿಯಾಗಿ ಹಿಡಿಯಲ್ಲ. ಧೋತ್ರದ ನೆರಿಗೆ ಎಲಾಸ್ಟಿಕ್ ಪಟ್ಟಿಗೆ ಹೊಲಿದೇ ಇರಲಿ. ಕಣ್ಣಿಗೆ ಪ್ಲಾಸ್ಟಿಕ್ ಹಾಳೆ ಹಾಕಿದರೆ ಐದೇ ನಿಮಿಷಕ್ಕೆ ಮಂಜು ಹಿಡಿಯುತ್ತೆ. ಬಸ್ ಗಾಜಿನ ಮೇಲೆ ಜಾಹೀರಾತಿಗೆ ಅಂಟಿಸೋ ಸಣ್ಣ ತೂತಿನ ಬಿಳಿ ವಿನೈಲ್ ಇದೆಯಲ್ಲ, ಫ್ಲೆಕ್ಸ್ ಅಂಗಡಿಯಲ್ಲಿ ಅದರ ಚೂರು ಕೇಳಿ ತನ್ನಿ. ಹೊರಗಿನವರಿಗೆ ಬಿಳಿ ಕಣ್ಣು, ಒಳಗಿನವನಿಗೆ ದಾರಿ ಕಾಣುತ್ತೆ, ಗಾಳಿಯೂ ಆಡುತ್ತೆ.

ಮಂಗಲದಾಸ್ ಭಾನುವಾರ ಮುಚ್ಚಿರುತ್ತೆ, ಶನಿವಾರ ಬೆಳಿಗ್ಗೆಯೇ ಹೋಗಿ. ಹೋಗೋ ಮೊದಲು ಎದೆ, ಸೊಂಟ, ನಿತಂಬ, ತೊಡೆ, ತೋಳುದ್ದ, ಜೊತೆಗೆ ಭುಜದಿಂದ ಕಾಲಸಂದಿಯ ಮೂಲಕ ಮತ್ತೆ ಅದೇ ಭುಜದವರೆಗಿನ ಸುತ್ತಳತೆ ಈ ಗುಂಪಿನಲ್ಲಿ ಬರೆದು ಹಾಕಿ. ಕೊನೆಯದನ್ನ ಎಲ್ಲರೂ ಬಿಡ್ತಾರೆ, ಮೇಲಿನ ತುಂಡು ಗಿಡ್ಡ ಆಗೋದು ಅದರಿಂದಲೇ.